ಕೊಂಕಲ್ ತಂಡದ ಏಳನೇ ನಂಬರು

ಕಳೆದ ತಿಂಗಳು ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಭೀಮಾ ನದಿಯ ಸೇತುವೆ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಕರ್ಪೂರ ಹಾಕಿ ಕಾಸಿದ ಎಳ್ಳೆಣ್ಣೆಯ ವಾಸನೆ ಬಂತು. ತಿರುಗಿ ನೋಡಿದರೆ, ಪಂದ್ಯ ಮುಗಿಸಿ ಊರಿಗೆ ಹೊರಟ ನಾಲ್ಕೈದು ಹುಡುಗಿಯರು. ಒಬ್ಬಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು, ಉಳಿದವರು ಅವಳನ್ನು ಆಡಿಕೊಂಡು ನಗುತ್ತಿದ್ದರು. ಆ ವಾಸನೆಗೆ ನನ್ನ ಎದೆ ಸುಮ್ಮನೆ ಹೊಡೆದುಕೊಳ್ಳತೊಡಗಿತು... ಸೀಟಿ ಊದುವ ಮುಂಚಿನ ಆ ಒಂದು ಗಳಿಗೆಯಲ್ಲಿ ಹೊಡೆದುಕೊಳ್ಳುವ ಹಾಗೆ.

ನಮ್ಮ ಪಿ.ಟಿ. ಮಾಸ್ತರರ ಕೈಗಳಿಗೆ ಯಾವಾಗಲೂ ಆ ವಾಸನೆ ಇರುತ್ತಿತ್ತು. ಅಥವಾ, ಇರುತ್ತಿತ್ತು ಎಂದು ನಾನು ಈಗ ಅಂದುಕೊಳ್ಳುತ್ತಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನೆನಪಿನ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ನಾನು ಹೇಳಹೊರಟ ಸುರಪುರದ ಪಂದ್ಯದ ಆ ಭಾನುವಾರದ ಪುಟದಲ್ಲಿ ಇರುವುದು ಬರೀ ಅಂಕಿಗಳು. ಮಿಕ್ಕದ್ದನ್ನೆಲ್ಲ ತಲೆಯಿಂದಲೇ ತೆಗೆಯಬೇಕು.

ಶಹಾಪುರದ ಹೈಸ್ಕೂಲಿನಲ್ಲಿ ಅವರು ನನಗೆ ಎರಡು ವರ್ಷ ಕಬಡ್ಡಿ ಕಲಿಸಲು ನೋಡಿ ಕೈಬಿಟ್ಟಿದ್ದರು. "ಔಟಾದ್ಮ್ಯಾಲ ನೀ ಎಷ್ಟ್ ಛಂದ ಕೂಡ್ತಿ ನೋಡವಾ. ಹಂಗ ಕೂತು ಬರಿ," ಎಂದು ನೋಟ್‌ಬುಕ್ಕೊಂದನ್ನು ಕೈಗಿತ್ತಿದ್ದರು. ನಿವೃತ್ತರಾದ ಮೇಲೂ ಸಗರ, ಕೊಡೇಕಲ್, ಸುರಪುರ ಎಂದು ಎಲ್ಲಿ ಹುಡುಗಿಯರ ಕಬಡ್ಡಿ ನಡೆದರೂ ಬಸ್ಸು ಹತ್ತಿ ಹೋಗುತ್ತಿದ್ದರು. ನಾನಾಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದರೆ ಸಾಕು, ನನ್ನನ್ನೂ ಹೊರಡಿಸುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಳದ ಆಚೆ ಬದಿ ಅವರಿಗೆ ಹೊಗೆ ಮುಸುಕಿದ ಹಾಗೆ ಕಾಣುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ಸೀಜನ್ ಮುಗೀಲಿ," ಎನ್ನುತ್ತಿದ್ದರು. ಅವರ ಸೀಜನ್ನು ಮುಗಿಯುತ್ತಲೇ ಇರಲಿಲ್ಲ.

ಕಣ್ಣು ಮಂಜಾದ ಮೇಲೆ ಅವರು ಆಟಗಾರ್ತಿಯರನ್ನು ಅಳೆಯುವ ಬೇರೆಯೇ ಒಂದು ದಾರಿ ಹುಡುಕಿಕೊಂಡಿದ್ದರು. ಆಟವನ್ನು ನಾನು ನೋಡಿ ಬರೆಯಬೇಕು: ದಾಳಿಗೆ ಎಷ್ಟು ಅಂಕ, ಹಿಡಿತಕ್ಕೆ ಎಷ್ಟು ಅಂಕ. ಪಂದ್ಯ ಮುಗಿದ ಮೇಲೆ ಯಾವ ಹುಡುಗಿಯ ಅಂಕ ಚೆನ್ನಾಗಿದೆಯೋ ಅವಳನ್ನು ಕರೆಸಿ, ಮೈದಾನದ ಮೂಲೆಯಲ್ಲಿ ಒಂದು ಕೊಡ ನೀರು ಚೆಲ್ಲಿ, ಆ ಹಸಿ ನೆಲದ ಮೇಲೆ ಆಡಿಸುತ್ತಿದ್ದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ಹೆಜ್ಜೆ ಗುರುತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ದಾಳಿಗೆ ಹೋಗುವ ಕಾಲಿನ ಹೆಬ್ಬೆರಳು ಆಳಕ್ಕೆ ಇಳಿದಿರುತ್ತದೆ, ಮೂಲೆಯಲ್ಲಿ ನಿಂತು ಎದುರಾಳಿಯನ್ನು ಹಿಡಿಯುವ ಕಾಲಿನ ಹಿಮ್ಮಡಿ ಇಳಿದಿರುತ್ತದೆ ಎಂಬುದು ಅವರ ಲೆಕ್ಕ. ಎರಡೂ ಇಳಿದ ಕಾಲನ್ನು ತಾನಿನ್ನೂ ಮುಟ್ಟಿಲ್ಲ ಎನ್ನುತ್ತಿದ್ದರು.

ಆ ವರ್ಷ ಹುಡುಗಿಯರದೊಂದು ಲೀಗ್ ಶುರುವಾಗಲಿತ್ತು. ತಂಡಗಳು ಸರದಿಯ ಮೇಲೆ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಮುಂಚೆ ಬೆಂಗಳೂರಿನಲ್ಲಿ ಒಂದು ತಿಂಗಳ ಶಿಬಿರ. ಶಿಬಿರದ ಕೋಚು ಮಾಸ್ತರರ ಹಳೆಯ ಪರಿಚಯದವನು. ದಾಳಿಯನ್ನೂ ಮಾಡಿ, ಹಿಂದಕ್ಕೆ ಬಂದು ಹಿಡಿಯುವವಳೂ ಆಗಿರುವ ಒಬ್ಬ ಹುಡುಗಿ ಬೇಕು, ಭಾನುವಾರ ಸಂಜೆಯೊಳಗೆ ಹೆಸರು ಹೇಳಿ ಎಂದಿದ್ದ. ಹಿಂದೆ ಮಾಸ್ತರು ಕಳಿಸಿದ್ದ ಇಬ್ಬರು ಬೇರೆ ಶಿಬಿರಗಳಿಂದ ಒಂದೇ ವಾರಕ್ಕೆ ಮರಳಿದ್ದರು. ಮೂರನೆಯವಳೂ ಮರಳಿದರೆ ನಿಮ್ಮ ಕಡೆಯ ಹೆಸರು ಇನ್ನು ಕೇಳುವುದಿಲ್ಲ ಎಂದು ಕೋಚು ನಗುತ್ತಲೇ ಹೇಳಿದ್ದನಂತೆ. ಮಾಸ್ತರರಿಗೆ ಅದು ನಗುವ ಮಾತಾಗಿರಲಿಲ್ಲ. "ನನ್ನ ಮಾತ ಹೋದ್ರ ಹೋಗ್ಲಿ. ಈ ಕಡಿ ಹುಡಿಗ್ಯಾರಿಗಿ ಬಾಗ್ಲಾ ಮುಚ್ಚತಾರಲ್ಲವಾ," ಎಂದು ಸುರಪುರದ ಬಸ್ಸಿನುದ್ದಕ್ಕೂ ಅದನ್ನೇ ಹೇಳಿದರು.

ಸುರಪುರದ ಮೈದಾನದಲ್ಲಿ ಆ ಭಾನುವಾರ ಕೊನೆಯ ಪಂದ್ಯ ಕೊಂಕಲ್ ತಂಡದ್ದು. ಎದುರಿಗೆ ಹೋದ ವರ್ಷ ಗೆದ್ದ ಆತಿಥೇಯರು. ಸುತ್ತಲೂ ಕಟ್ಟಿದ ಹಗ್ಗದ ಮೇಲೆ ಮಂದಿ ಬಿದ್ದಿದ್ದರು. ಮೊದಲ ಎರಡು ನಿಮಿಷದಲ್ಲೇ ಕೊಂಕಲ್ಲಿನ ಏಳನೇ ನಂಬರು ಮೂರು ಮಂದಿಯನ್ನು ಮುಟ್ಟಿ, ಸೊಂಟ ತಿರುಗಿಸಿ, ಒಬ್ಬಳ ತಲೆಯ ಮೇಲಿಂದ ಹಾರಿ ಗೆರೆಗೆ ಬಂದು ಬಿದ್ದಳು. ಮೈದಾನ ಒಮ್ಮೆಲೇ ಎದ್ದಿತು.

"ಯಾರವಾ ಅದು? ಯಾರ ಬಂದ್ರು?" ಮಾಸ್ತರು ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಏಳನೇ ನಂಬರ್ರೀ. ಮೂರು ಮಂದೀನ ಹೊಡದ್ಳು."

"ಬರಿ, ಬರಿ. ಮಾತಾಡಬ್ಯಾಡ, ಬರಿ."

ನಾನು ಬರೆಯುತ್ತ ಹೋದೆ. ಮೊದಲರ್ಧ ಮುಗಿಯುವಷ್ಟರಲ್ಲಿ ಏಳನೇ ನಂಬರಿನ ದಾಳಿಯ ಅಂಕಣ ತುಂಬಿಹೋಯಿತು. ಎರಡನೇ ಅರ್ಧದಲ್ಲಿ ಆತಿಥೇಯರು ಮೈಮೇಲೆ ಬಂದಂತೆ ಆಡಿದರು. ಆಗ ಅದೇ ಏಳನೇ ನಂಬರು ಎಡ ಮೂಲೆಗೆ ನಿಂತು, ಬಂದ ಬಂದವರ ಪಾದ ಹಿಡಿದು ಕೆಡವತೊಡಗಿದಳು. ಒಬ್ಬಳು, ಇಬ್ಬರು, ಮೂವರು... ನಾನು ಇಷ್ಟು ವರ್ಷ ಬರೆದ ಯಾವ ಪುಟದಲ್ಲೂ ಎರಡು ಅಂಕಣಗಳು ಒಂದೇ ಸಾಲಿನಲ್ಲಿ ತುಂಬಿರಲಿಲ್ಲ. ಕೊಂಕಲ್ ಗೆದ್ದಿತು. ಕೊನೆಯ ಸೀಟಿಗೆ ನಾನು ಮಾಸ್ತರರ ಕಿವಿಯಲ್ಲಿ ಕೂಗಿದೆ, "ಸಿಕ್ಕಳ್ರೀ ಮಾಸ್ತರ್! ದಾಳೀನೂ ಅದ, ಹಿಡ್ಯೋದೂ ಅದ!"

ಅವರು ನನ್ನ ನೋಟ್‌ಬುಕ್ಕನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆ ಎರಡು ಅಂಕಣಗಳ ಮೇಲೆ ಹೆಬ್ಬೆರಳು ಆಡಿಸಿದ್ದು ನನಗೆ ನೆನಪಿದೆ. ಇದೊಂದು ಮಾತ್ರ ನಿಜವಾಗಿ ನೆನಪಿದೆ.

ನೀರು ಚೆಲ್ಲಿ ನೆಲ ಸಿದ್ಧ ಮಾಡಿ, ಏಳನೇ ನಂಬರನ್ನು ಕರೆದುಕೊಂಡು ಬಂದೆ. ಹದಿನೆಂಟರ ಗಟ್ಟಿಮುಟ್ಟಾದ ಹುಡುಗಿ. ಮಾಸ್ತರು ಹೇಳಿದಂತೆ ದಾಳಿಗೆ ಹೋದ ಹಾಗೆ ನಾಲ್ಕು ಹೆಜ್ಜೆ ಹಾಕಿದಳು, ಮೂಲೆಯಲ್ಲಿ ನಿಂತ ಹಾಗೆ ನಿಂತಳು. ಮಾಸ್ತರು ಬಗ್ಗಿ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು.

"ಈ ಕಾಲು ಇವತ್ತ ಅಷ್ಟು ದಾಳಿ ಮಾಡಿಲ್ಲ ನೋಡವಾ," ಎಂದರು ತಲೆ ಎತ್ತದೆ. "ಹೌದಿಲ್ಲೋ ತಂಗಿ?"

ಅವಳು ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹೌದ್ರಿ. ಮೊದಲರ್ಧ ಈ ಅಂಗಿ ನಮ್ಮ ಕಾಕಾನ ಮಗಳು ಹಾಕ್ಕೊಂಡಿದ್ಳು. ನಾವು ಎಂಟು ಮಂದಿ ಇದ್ದೀವ್ರಿ. ಊರಾಗ ಏಳ ಅಂಗಿ ಕೊಡ್ಸ್ಯಾರ."

ನನಗೆ ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ನಾನು ಮುಖ ನೋಡಿರಲಿಲ್ಲ, ನಂಬರು ನೋಡಿದ್ದೆ. ಹುಡುಕುತ್ತಿದ್ದ ಒಬ್ಬಳನ್ನು ಇಬ್ಬರು ಹುಡುಗಿಯರಿಂದ ಕೂಡಿಸಿ ನಾನೇ ಪುಟದ ಮೇಲೆ ಹುಟ್ಟಿಸಿದ್ದೆ. ಬಿ.ಎ.ಯಲ್ಲಿ ಚಿನ್ನದ ಪದಕ ಪಡೆದವಳು ನಾನು.

ಮಾಸ್ತರು ಬೈಯುತ್ತಾರೆ ಅಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯವ್ವಾ, ನೀ ಕಲಬುರಗ್ಯಾಗ ಏನ ಓದ್ಲಾಕತ್ತಿದಿ? ಒಂದ ಅಂಗ್ಯಾಗ ಇಬ್ಬರನ ತುಂಬಿದೆಲ್ಲ." ನಗು ನಿಂತ ಮೇಲೆ ಸೂರ್ಯನ ಕಡೆ ಮುಖ ಮಾಡಿ ಹೊತ್ತು ಅಳೆದರು. "ಇನ್ನಾ ಟೈಮ್ ಅದ. ಆ ಕಾಕಾನ ಮಗಳನ್ನೂ ಕರಿ. ಕೆಲಸ ಅದಲು ಬದಲು ಮಾಡಿಸೂಣು."

ಆಮೇಲಿನ ಅರ್ಧ ಗಂಟೆಯಷ್ಟು ಉಸಿರು ಬಿಗಿಹಿಡಿದು ನಾನು ಯಾವ ಆಟವನ್ನೂ ನೋಡಿಲ್ಲ. ಆ ಹಸಿ ನೆಲದ ನಡುವೆ ಗೆರೆ ಎಳೆಸಿ, ದಾಳಿಯ ಹುಡುಗಿಯನ್ನು, ಅಂದರೆ ಆ ಕಾಕಾನ ಮಗಳನ್ನು, ಮೂಲೆಗೆ ನಿಲ್ಲಿಸಿದರು, ಮೂಲೆಯ ಹುಡುಗಿಯನ್ನು ದಾಳಿಗೆ ಕಳಿಸಿದರು. ಕೊಂಕಲ್ ತಂಡದ ಉಳಿದ ಹುಡುಗಿಯರು ಎರಡೂ ಕಡೆ ಹಂಚಿಕೊಂಡು ನಿಂತರು. ದಾಳಿಯ ಹುಡುಗಿ ಮೊದಲು ಎರಡು ಸಲ ಎಳೆದಾಡಿಸಿಕೊಂಡು ಬಿದ್ದಳು. ಮೂರನೇ ಸಲಕ್ಕೆ ಒಬ್ಬಳ ಪಾದವನ್ನು ಎರಡೂ ಕೈಯಿಂದ ಹಿಡಿದು ಮಲಗಿಸಿಬಿಟ್ಟಳು. "ಹಿಡದೆ ನೋಡ್ರೆ, ಹಿಡದೆ!" ಎಂದು ತೋಳೆತ್ತಿ ಕುಣಿದಳು. ಕುಣಿಯುತ್ತಿರುವಾಗಲೇ ಎದುರಿನಿಂದ ಇನ್ನೊಬ್ಬಳು ಬಂದು ಮುಟ್ಟಿ ಹೋದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಡುವೆ ಎರಡು ಸಲ ತನ್ನ ದಾಳಿಗೂ ಹೋಗಿ ಮುಟ್ಟಿ ಬಂದಳು. ನನಗೆ ಅವಳೇ ಸರಿ ಎನ್ನಿಸಿತು. ಮೂರೇ ಸಲಕ್ಕೆ ಹಿಡಿಯಲು ಕಲಿತವಳು ಒಂದು ತಿಂಗಳಲ್ಲಿ ಏನೇನು ಕಲಿಯಲಿಕ್ಕಿಲ್ಲ.

ಮೂಲೆಯ ಹುಡುಗಿ ಐದು ಸಲ ದಾಳಿಗೆ ಹೋದಳು. ಒಂದು ಸಲವೂ ಯಾರನ್ನೂ ಮುಟ್ಟಲಿಲ್ಲ. ಬರಿಗೈಲಿ ಗೆರೆ ದಾಟಿ ಬಂದು, ತನ್ನ ಮೂಲೆಗೆ ಸರಿದು, ಕಾಲು ಊರಿ ನಿಲ್ಲುತ್ತಿದ್ದಳು. ಅಷ್ಟೇ. ನಾನು ಅವಳ ಹೆಸರಿನ ಮುಂದೆ ಐದು ಸೊನ್ನೆ ಬರೆದೆ.

ಮಾಸ್ತರು ಇನ್ನೊಂದು ಕೊಡ ನೀರು ತರಲು ಹೇಳಿದರು. ನಲ್ಲಿ ಮೈದಾನದ ಆಚೆ ತುದಿಗಿತ್ತು. ನಾನು ಮರಳಿ ಬಂದಾಗ ಅವರು ನಡುಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು.

"ಇಲ್ಲಿ ಕೈ ಇಡು," ಎಂದು ನನ್ನ ಬೆರಳನ್ನು ಒಂದು ಗುರುತಿನೊಳಗೆ ಇಟ್ಟರು. "ಗೆರಿ ದಾಟಿ ಬಂದ್ಮ್ಯಾಲ ದಾಳಿ ಹುಡಿಗಿ ಕಾಲು ಸಡ್ಲ ಆಗ್ಯಾವ. ತನ್ನ ಕೆಲಸಾ ಮುಗೀತಂತ ತಿಳದಾಳ. ಈಗ ಇದನ್ನ ಮುಟ್ಟು. ಈಕಿ ಗೆರಿ ಈಚಿಗೂ ಹಂಗ ಒತ್ಯಾಳ. ಉಸಿರು ತಿರುಗೂ ಮೊದ್ಲ ಮೂಲಿಗಿ ಮುಟ್ಯಾಳ. ಮುಟ್ಟಿ ಬರೋದನ್ನ ಯಾರಾರೆ ಕಲಸ್ತಾರ. ಇದನ್ನ ನಾ ಮೂವತ್ತು ವರ್ಷ ಕಲಸಾಕ ನೋಡೀನಿ. ಯಾರಿಗೂ ಬರಲಿಲ್ಲ."

ಮೈದಾನದ ಪಕ್ಕದ ಚಹದಂಗಡಿಯಿಂದ ಫೋನ್ ಮಾಡಿದರು. ಕೋಚನ ಧ್ವನಿ ನನಗೂ ಕೇಳುತ್ತಿತ್ತು. ದಾಳಿಯಲ್ಲಿ ಎಷ್ಟು ಅಂಕ ಎಂದು ಕೇಳಿದ. ಮಾಸ್ತರು ನನ್ನ ಕಡೆ ತಿರುಗಿದರು. ನಾನು ಸೊನ್ನೆ ಎಂದೆ. "ಸೊನ್ನೆ," ಎಂದರು ಫೋನಿಗೆ. ಸೊನ್ನೆಯೇ ಎಂದು ಅವನು ಮತ್ತೆ ಕೇಳಿದ. "ಬರಕೋರಿ ಹೆಸರಾ," ಎಂದು ಮೂಲೆಯ ಹುಡುಗಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ಅವಳು ಶಿಬಿರಕ್ಕೆ ಹೋದ ಮೇಲಿನ ಒಂದು ವಾರವನ್ನು ಹೇಗೆ ಕಳೆದೆವೋ. ಬೆಂಗಳೂರಿನ ಬಸ್ಸು ಬೆಳಗಿನ ಹೊತ್ತು ಶಹಾಪುರಕ್ಕೆ ಬರುತ್ತಿತ್ತು. ಶಿಬಿರದಿಂದ ಹಿಂದಕ್ಕೆ ಕಳಿಸಿದರೆ ಅವಳು ಅದರಲ್ಲೇ ಇಳಿಯಬೇಕು. ಮಾಸ್ತರು ದಿನಾ ಸ್ನಾನ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹಾಜರು, ಜೊತೆಗೆ ನಾನು. ಇಳಿಯುವವರನ್ನು ನಾನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ, ಈ ಸಲ ಮುಖವನ್ನೇ ನೋಡುತ್ತಿದ್ದೆ. "ಇಳದ್ಳೇನು?" "ಇಲ್ರಿ." "ಹಿಂದಿನ ಬಾಗ್ಲಾ ನೋಡು." "ನೋಡೀನ್ರೀ, ಇಲ್ಲ." ದಿನ ಕಳೆದಂತೆ ಕಂಡಕ್ಟರರೂ ಆಟಕ್ಕೆ ಸೇರಿಕೊಂಡು, ಬಸ್ಸು ನಿಲ್ಲುವ ಮೊದಲೇ ಬಾಗಿಲಿನಿಂದ "ಬಂದಿಲ್ರೀ ಮಾಸ್ತರ್!" ಎಂದು ಕೂಗತೊಡಗಿದರು. ಎಂಟನೆಯ ದಿನವೂ ಅವಳು ಇಳಿಯಲಿಲ್ಲ. ಮಾಸ್ತರು ಅಲ್ಲೇ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಮಂಡಕ್ಕಿಯ ಸೂಸಲ, ಮಿರ್ಚಿ ಭಜಿ ಕೊಡಿಸಿದರು. ನನಗೆ ಎರಡು ಪ್ಲೇಟು.

ಲೀಗಿನಲ್ಲಿ ಅವಳನ್ನು ಕೊನೆಯ ಸುತ್ತಿನಲ್ಲಿ ಒಂದು ತಂಡ ಆರಿಸಿಕೊಂಡಿತು. ಆರು ವರ್ಷ ಆಡಿದಳು. ದಾಳಿಯನ್ನೂ ಕಲಿತಳು. ನಮ್ಮ ಕಡೆಯಿಂದ ಅವಳ ಹಿಂದೆ ಇನ್ನೂ ನಾಲ್ವರು ಹೋದರು. ಮಾಸ್ತರು ಕೊನೆಗೂ ಆಪರೇಷನ್ ಮಾಡಿಸಿಕೊಂಡರು, ಆದರೆ ತಡವಾಗಿತ್ತು, ಒಂದು ಕಣ್ಣು ಮಾತ್ರ ಸ್ವಲ್ಪ ಬಂತು. ಅವರು ಹೋಗಿ ಈಗ ಮೂರು ವರ್ಷವಾಯಿತು.

ಇಷ್ಟನ್ನು ಬರೆದ ಮೇಲೆ, ತಪ್ಪು ಉಳಿಯಬಾರದೆಂದು, ಕೊಂಕಲ್ಲಿಗೆ ಹೋಗಿ ಬಂದೆ. ದಾಳಿಯ ಹುಡುಗಿ ಈಗ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹುಬ್ಬಿನ ತನಕ ಜೋಳದ ಹಿಟ್ಟು. ಯಂತ್ರ ನಿಲ್ಲಿಸಿ ನನ್ನ ಮಾತನ್ನೆಲ್ಲ ಕೇಳಿದಳು. ಹೆಜ್ಜೆ ಗುರುತಿನ ಭಾಗಕ್ಕೆ ಬಂದಾಗ ನಕ್ಕಳು.

"ಅಕ್ಕಾರ, ನೀವು ನೀರಿಗಿ ಹೋಗಿದ್ರಿ. ಆಗ ಮಾಸ್ತರ್ ನನ್ನ ಕರದು ಕೇಳಿದ್ರು, ಯಾರನ್ನ ಕಳಸ್ಲವಾ ಅಂತ. ನಾ ಅಕೀ ಹೆಸರಾ ಹೇಳ್ದೆ."

"ಯಾಕ?"

"ಪಾಯಿಂಟ್ ಬಂದ್ಮ್ಯಾಲ ನಾ ಮಂದಿ ಕಡಿ ನೋಡ್ತಿದ್ದೆ. ಅಕಿ ಗೆರಿ ಕಡಿ ನೋಡ್ತಿದ್ಳು. ಅದು ಮಾಸ್ತರಿಗಿಂತ ಮೊದ್ಲ ನನಗ ಗೊತ್ತಿತ್ತು." ಮತ್ತೆ ಗಿರಣಿ ಹಚ್ಚಿದಳು. ಮುಂದೆ ಏನೂ ಕೇಳಿಸಲಿಲ್ಲ.

ಹಾಗಾದರೆ ಆ ಬೆರಳು, ಆ ಗುರುತು? ಹೆಸರು ಗೊತ್ತಾದ ಮೇಲೆ ಅವರು ನನಗೆ ತೋರಿಸಿದ್ದೇ? ಕಣ್ಣು ಕಾಣದ್ದರಿಂದ ಕೇಳಿದರು, ಅಷ್ಟೇ ಇರಬಹುದು. ಅಥವಾ ನೆಲ ಮುಟ್ಟಿ ಮೊದಲೇ ತಿಳಿದಿದ್ದು, ಸೋಲುವವಳ ಬಾಯಿಂದಲೇ ಆ ಹೆಸರು ಬರಲಿ ಎಂದು ಕೇಳಿರಬಹುದು. ಗಿರಣಿಯವಳು ಇಷ್ಟು ವರ್ಷಗಳಲ್ಲಿ ಅದನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿರಬಹುದು... ನಾನೂ ನನ್ನದನ್ನು ಕಟ್ಟಿಕೊಂಡಿರಬಹುದು. ಮಾಸ್ತರು ಇದ್ದಿದ್ದರೆ ಅವತ್ತೇ ಶಹಾಪುರಕ್ಕೆ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಗುತ್ತಿದ್ದರು, ಹೇಳುತ್ತಿದ್ದರೋ ಇಲ್ಲವೋ. ಈಗ ಅವಳು ಹೇಳಿದ್ದನ್ನು ನಾನು ಬರೆದದ್ದರ ಕೆಳಗೇ ಬರೆದಿಟ್ಟಿದ್ದೇನೆ. ಎರಡರಲ್ಲಿ ಯಾವುದನ್ನೂ ಹೊಡೆದುಹಾಕಲು ನನಗೆ ಕೈ ಬರಲಿಲ್ಲ.