ಹ್ಯಾಂಡಲ್ ಹಾಕಿಸಲು ಮೂರು ಊರು

ಬಿಜ್ಜರಗಿ ಬಿಟ್ಟಾಗ ಬೆಳಗಿನ ಏಳೂವರೆ. ಮಾರ್ಚ್ ತಿಂಗಳು, ಬಿಸಿಲು ಆಗಲೇ ಬೆನ್ನಿಗೆ ಚುರುಗುಟ್ಟುತ್ತಿತ್ತು. ನನ್ನ ಮೋಟರ್‌ಸೈಕಲ್ಲಿನ ಮುಂದಿನ ಗಾಲಿ ನೆಟ್ಟಗೆ ಟಿಕೋಟಾ ಕಡೆ ನೋಡುತ್ತಿದ್ದರೆ ಹ್ಯಾಂಡಲ್ ಮಾತ್ರ ಎಡಕ್ಕೆ ತಿರುಗಿ ಯಾರದೋ ಹೊಲ ನೋಡುತ್ತಿತ್ತು. ಹಾಗೆ ಸೊಟ್ಟಗೆ ಹಿಡಿದೇ ಹದಿನೈದು ದಿನ ಓಡಿಸಿದ್ದೆ. ಬಲಗೈ ಚಾಚಿ, ಎಡಗೈ ಮಡಚಿ ಓಡಿಸಿ ಬಲ ರಟ್ಟೆ ಮೇಲೆತ್ತಲು ಬಾರದಷ್ಟು ನೋಯುತ್ತಿತ್ತು. ತಂತಿ ಎಳೆಯುವವನ ರಟ್ಟೆ ಹೋದರೆ ಮತ್ತೇನು ಉಳಿಯಿತು?

ನನ್ನ ಕೆಲಸ ದ್ರಾಕ್ಷಿ ತೋಟಕ್ಕೆ ತಂತಿ ಕಟ್ಟುವುದು. ಸಾಲಾಗಿ ಕಲ್ಲಿನ ಕಂಬ ನಿಲ್ಲಿಸಿ, ಬಳ್ಳಿ ಹಬ್ಬಲು ಅವುಗಳ ಮೇಲೆ ತಂತಿ ಎಳೆದು ಬಿಗಿಯುತ್ತೇನೆ. ಐದನೇ ತರಗತಿಗೆ ಶಾಲೆ ಬಿಟ್ಟವನು, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹ್ಯಾಂಡಲ್ ಸೊಟ್ಟಗಾದದ್ದೂ ತಂತಿಯಿಂದಲೇ. ನಮ್ಮ ಕಡೆ ತಂತಿ ಕಟ್ಟುವವರು ಗಾಡಿಗೆ ಸ್ಟ್ಯಾಂಡ್ ಹಾಕಿ, ಸುರುಳಿ ಸುತ್ತಿದ ತಂತಿಯ ಸಿಂಬಿಯನ್ನು ಹ್ಯಾಂಡಲ್ಲಿಗೆ ಹಾಕಿ, ತುದಿ ಹಿಡಿದು ನಡೆದುಬಿಡುತ್ತಾರೆ. ತಂತಿ ತಾನೇ ಬಿಚ್ಚುತ್ತ ಬರುತ್ತದೆ, ಸಿಂಬಿ ಹಿಡಿಯಲು ಇನ್ನೊಂದು ಆಳು ಬೇಡ. ಅವತ್ತು ನಡುವೆ ಗಂಟು ಬಿದ್ದದ್ದನ್ನು ನೋಡದೆ ಜಗ್ಗಿದೆ, ಗಾಡಿ ಕಲ್ಲಿನ ಮೇಲೆ ಮಗುಚಿ ಬಿತ್ತು. ಆ ತಪ್ಪು ನನ್ನದು, ಒಪ್ಪುತ್ತೇನೆ. ಒಪ್ಪಲಾರದ್ದು ಮುಂದೆ ಬರುತ್ತದೆ.

"ಪೈಪ್ ಹಾಕಿ ಜಗ್ಗಿದ್ರ ನೆಟ್ಟಗಾಗ್ತೈತಿ. ಅದಕ್ಕ ಟಿಕೋಟಾ ತನಕ ಯಾಕ ಹೊಂಟೀರಿ?" ಎಂದಳು ಹೆಂಡತಿ ಶಾಂತವ್ವ, ಬುತ್ತಿ ಕೈಗಿಡುತ್ತ.

"ಎರಡ ಸಲ ಜಗ್ಗೇನಿ. ನಡುವ ಸೀಳ ಬಿಟ್ಟೈತಿ. ಮೂರನೇ ಸಲ ಜಗ್ಗಿದ್ರ ಕೈಯಾಗ ಬರತೈತಿ."

"ಆತು, ಬಬಲೇಶ್ವರಕ್ಕ ಮಾತ್ರ ಹೊತ್ತಿಗೆ ಮುಟ್ರಿ. ನಾಕ ಎಕರೆ ಕೆಲಸ ಒಂದ ಹ್ಯಾಂಡಲ್ ಸಂಬಂಧ ಕಳಕೊಂಡ ಬರಬ್ಯಾಡ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ಬಬಲೇಶ್ವರದ ಹೊರಗೆ ಒಬ್ಬ ಸಾಹುಕಾರರು ನಾಲ್ಕು ಎಕರೆ ಹೊಸ ತೋಟ ಮಾಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಬಂದು ದರ ಮಾತಾಡು, ಇಲ್ಲವಾದರೆ ಸಂಜೆಗೆ ಮಹಾರಾಷ್ಟ್ರದ ಗ್ಯಾಂಗಿಗೆ ಹ್ಞೂಂ ಅನ್ನುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ನನಗೂ, ನನ್ನ ಜೊತೆ ದುಡಿಯುವ ಶಾಂತವ್ವನ ಇಬ್ಬರು ತಮ್ಮಂದಿರಿಗೂ ಒಂದೂವರೆ ತಿಂಗಳ ಕೆಲಸ ಅದು.

ಟಿಕೋಟಾ ದಾರಿಯುದ್ದಕ್ಕೂ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳು. ಹಸಿರು ಬಲೆ ಕಟ್ಟಿದ ಅಟ್ಟಗಳ ಮೇಲೆ ದ್ರಾಕ್ಷಿ ಬಾಡಿ, ಗಾಳಿಗೆಲ್ಲ ಸಿಹಿ ಹುಳಿ ವಾಸನೆ. ಅರ್ಧ ತಾಸಿನ ದಾರಿಗೆ ಮುಕ್ಕಾಲು ತಾಸು ಹಿಡಿಯಿತು. ಟಿಕೋಟಾದಲ್ಲಿ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಹತ್ತು ರೂಪಾಯಿ ಚಹಾ ಕುಡಿದು, ಬಿಡಿಭಾಗದ ಅಂಗಡಿಗೆ ಹೋದೆ. ಮೊದಲಿನಂಥದೇ ಹ್ಯಾಂಡಲ್ಲಿಗೆ ನಾನೂರ ಐವತ್ತು, ಪಕ್ಕದ ಮಿಸ್ತ್ರಿ ಹಾಕಿಕೊಡಲು ಇನ್ನೂರು.

"ಆದ್ರ ಮಾಲ ನಾಳಿಗೆ ಬರತೈತಿ ಕಾಕಾ. ಇವತ್ತ ಬೇಕಂದ್ರ ವಿಜಾಪುರದಾಗ ಸ್ಟೇಷನ್ ರೋಡಿಗೆ ಹೋಗ್ರಿ," ಎಂದ ಅಂಗಡಿಯವನು.

ನಾಳೆಗೆ ನನ್ನ ಕೆಲಸ ಕಾಯುವುದಿಲ್ಲ. ಹೊನವಾಡದಿಂದ ಬಂದ ಬಸ್ಸಿನ ಹಿಂದೆ ಹಿಂದೆ ವಿಜಯಪುರದ ದಾರಿ ಹಿಡಿದೆ. ಮುಂದೆ ಇಪ್ಪತ್ತು ಕಿಲೋಮೀಟರು. ದೂರದಲ್ಲಿ ಗುಮ್ಮಟ ಕಾಣುವ ಹೊತ್ತಿಗೆ ರಟ್ಟೆ ಮರಗಟ್ಟಿತ್ತು.

ಸ್ಟೇಷನ್ ರಸ್ತೆಯ ಆ ಗ್ಯಾರೇಜಿಗೆ ಗಾಜಿನ ಕೌಂಟರು, ಮೇಲೆ ದೊಡ್ಡ ಫ್ಯಾನು. ಮಾಲಕನ ಅಂಗಿಯ ಮೇಲೆ ಎಣ್ಣೆಯ ಒಂದು ಕಲೆಯೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ತಿಳಿಯಬೇಕಿತ್ತು.

"ನಿಮ್ಮ ಗಾಡಿದು ಖಾಲಿ ಆಗೇತ್ರಿ ಅಂಕಲ್. ಇದು ಎರಡಿಂಚು ಎತ್ತರದ್ದು. ಈಗ ಎಲ್ಲಾರೂ ಇದನ್ನ ಹಾಕಸ್ತಾರ್ರಿ. ಐದನೂರಾ ಎಂಬತ್ತು."

"ಹಾಕಾಕ ಎಷ್ಟು?"

"ಹಾಕಿದ ಮ್ಯಾಲ ನೋಡೂಣು ತಗೋರಿ. ನೀವು ನಾಷ್ಟಾ ಮಾಡ್ಕೊಂಡ ಬರ್ರಿ, ಅರ್ಧಾ ತಾಸಿನ ಕೆಲಸ."

ಆ ಮಾತಿಗೆ ಗಾಡಿ ತಿರುಗಿಸಿಕೊಂಡು ಬರಬೇಕಿತ್ತು. ನಾನು ತೋಟದಲ್ಲಿ ಮೊದಲ ಸಾಲು ಬಿಗಿಯುವಾಗ ಮಾಲಕರನ್ನು ಕೊನೆಯ ಕಂಬದ ಹತ್ತಿರ ನಿಲ್ಲಿಸಿಯೇ ಬಿಗಿಯುತ್ತೇನೆ. ಆಮೇಲೆ ಅವರನ್ನೇ ತಂತಿಗೆ ಜೋತು ಬೀಳಿಸಿ, ಎಷ್ಟು ಬಗ್ಗಿತು ನೋಡ್ರಿ ಅನ್ನುತ್ತೇನೆ. ನನ್ನ ಉಸ್ತಾದರು ಹಾಕಿಕೊಟ್ಟ ಪದ್ಧತಿ ಅದು. ಬೇರೆಯವರಿಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುವ ನಾನು ನನ್ನ ಗಾಡಿಯನ್ನು ಅವನ ಕೈಗೆ ಕೊಟ್ಟು ನಲವತ್ತು ರೂಪಾಯಿಯ ಚುರುಮುರಿ ಸುಸಲಾ, ಮಿರ್ಚಿ ತಿನ್ನಲು ಹೋದೆ. ಬುತ್ತಿ ಗಾಡಿಯ ಚೀಲದಲ್ಲೇ ಇತ್ತು.

ತಿರುಗಿ ಬಂದಾಗ ಹ್ಯಾಂಡಲ್ ಕೂತಿತ್ತು, ಸ್ವಿಚ್ಚಿನ ಡಬ್ಬಿಗಳೂ ಕೂತಿದ್ದವು. ಆದರೆ ಹ್ಯಾಂಡಲ್ ಎರಡಿಂಚು ಮೇಲೆದ್ದದ್ದಕ್ಕೆ ಹಳೆಯ ಕ್ಲಚ್ ವಾಯರ್ ಮುಟ್ಟಲೊಲ್ಲದು, ವೇಗ ಏರಿಸಿ ಇಳಿಸುವ ರೇಸ್ ವಾಯರ್ ಮುಟ್ಟಲೊಲ್ಲದು. ಬ್ರೇಕಿನದು ಹೇಗೋ ಮುಟ್ಟಿತು. ಉದ್ದನೆಯ ವಾಯರ್ ಬೇರೆ ಅಂಗಡಿಯಿಂದ ಬರಬೇಕಂತೆ. ಅದು ಬಂದು ಕೂರುವಷ್ಟರಲ್ಲಿ ಒಂದೂ ಕಾಲು. ಮಾಲಕ ಚೀಟಿ ಬರೆದು ಕೌಂಟರಿನ ಮೇಲಿಟ್ಟ: ಹ್ಯಾಂಡಲ್ ಐನೂರ ಎಂಬತ್ತು, ಎರಡು ವಾಯರ್ ಮುನ್ನೂರು, ಹಿಡಿಕೆಯ ರಬ್ಬರು ನೂರಿಪ್ಪತ್ತು, ಕೂಲಿ ನಾನೂರ ಐವತ್ತು. ಒಟ್ಟು ಸಾವಿರದ ನಾನೂರ ಐವತ್ತು ರೂಪಾಯಿ.

"ನಾಕ ನಟ್ಟು ಬಿಚ್ಚಿ ನಾಕ ನಟ್ಟು ಬಿಗದದ್ದಕ್ಕ ನಾಕನೂರಾ ಐವತ್ತೇನೊ?" ಎಂದೆ.

"ಅಂಕಲ್, ಇದು ಟಿಕೋಟಾ ಅಲ್ರಿ. ಈ ಅಂಗಡಿಗೆ ಬಾಡಿಗಿ ಎಷ್ಟೈತಿ ಗೊತ್ತೇನ್ರಿ ನಿಮಗ?"

"ನಿನ್ನ ಅಂಗಡಿ ಬಾಡಿಗಿ ನನ್ನ ಹ್ಯಾಂಡಲ್ ಮ್ಯಾಲ ಯಾಕ ಹಾಕ್ತೀ? ಫ್ಯಾನಿನ ಕರೆಂಟ್ ಬಿಲ್ಲೂ ಬರದುಬಿಡು."

"ಬ್ಯಾಡಾಗಿದ್ರ ಹೇಳ್ರಿ, ಬಿಚ್ಚಿ ಕೊಡ್ತೀನಿ. ಬಿಚ್ಚಾಕ ಎರಡನೂರು."

ಪಕ್ಕದಲ್ಲಿ ಕೂತಿದ್ದ ಗಿರಾಕಿ ಕಿಸಕ್ಕನೆ ನಕ್ಕ. ಮೂರಕ್ಕೆ ಬಬಲೇಶ್ವರ ಮುಟ್ಟಬೇಕು, ಅವನಿಗೂ ನನ್ನ ಅವಸರ ಗೊತ್ತಾಗಿತ್ತು. ದುಡ್ಡು ಎಣಿಸಿ ಕೌಂಟರಿನ ಮೇಲೆ ಒಗೆದು, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ಊರು ದಾಟಿ ಬಬಲೇಶ್ವರದ ದಾರಿಗೆ ಬಿದ್ದಾಗ ಒಂದು ಮಾತು ಒಪ್ಪಬೇಕಾಯಿತು: ಗಾಡಿ ನೆಟ್ಟಗೆ ಓಡುತ್ತಿತ್ತು. ಹದಿನೈದು ದಿನದ ಮೇಲೆ ಎರಡೂ ರಟ್ಟೆ ಸಮ ಇದ್ದವು. ಸಿಟ್ಟು ಇಳಿಯದಿದ್ದರೂ ಸಂಕಟ ಇಳಿದಿತ್ತು. ರಸ್ತೆ ಖಾಲಿ, ಕರಿ ಹೊಲಗಳಲ್ಲಿ ಜೋಳದ ರಾಶಿ ಮುಗಿದು ಕಣಿಕೆ ಬಣವೆಗಳು ಎದ್ದಿದ್ದವು. ಅಂದಾಜು ಇಪ್ಪತ್ತು ಕಿಲೋಮೀಟರು ಹೋಗಿರಬೇಕು, ಮುಂದೆ ರಸ್ತೆಗೆ ಅಡ್ಡ ಕುರಿ ಹಿಂಡು. ರೇಸ್ ಬಿಟ್ಟೆ. ಗಾಡಿ ಕೇಳಲಿಲ್ಲ. ಕೈಯಲ್ಲಿ ಬಲಗಡೆಯ ಸ್ವಿಚ್ಚಿನ ಡಬ್ಬಿಗೆ ಡಬ್ಬಿಯೇ ಹ್ಯಾಂಡಲ್ಲಿನ ಮೇಲೆ ಗರಗರ ತಿರುಗಿತು, ವಾಯರ್ ಜಗ್ಗಿಕೊಂಡು ಎಂಜಿನ್ ಇನ್ನೂ ಚೀರತೊಡಗಿತು. ಬ್ರೇಕ್ ಒತ್ತಿ, ಕ್ಲಚ್ ಹಿಡಿದು, ಚಾವಿ ಎಲ್ಲಿದೆ ಎಂದು ತಡಕಾಡಿ ಬಂದ್ ಮಾಡಿದಾಗ ಮುಂದಿನ ಗಾಲಿಗೂ ಒಂದು ಮರಿಗೂ ಒಂದು ಗೇಣಿನ ಅಂತರ.

"ಏ ಮಾಮಾ! ರೇಸ್ ಬಿಡೂದ ಬಿಟ್ಟು ಹೆಚ್ಚ ಮಾಡ್ತೀರಲ್ರಿ! ಕುರಿ ಕಂಡ್ರ ಹುರುಪ ಬರತೈತೇನ್ರಿ?" ಕುರಿಗಾರ ಕೋಲು ಎತ್ತಿ ಬಂದ. ಮೂವತ್ತರ ಆಸುಪಾಸಿನವನು, ಹೆಗಲ ಮೇಲೆ ಕಂಬಳಿ.

"ನಾ ಬಿಟ್ಟೇನೋ ತಮ್ಮಾ, ಗಾಡಿ ಬಿಡವಲ್ದು. ನೋಡಿಲ್ಲಿ." ಡಬ್ಬಿ ತಿರುಗಿಸಿ ತೋರಿಸಿದೆ.

ಅವನು ಮರಿಯನ್ನು ಎತ್ತಿ ಕಾಲು ಸವರಿ ನೋಡಿದ. ಮರಿಗೆ ಏನೂ ಆಗಿರಲಿಲ್ಲ. "ಕೂಸಿನಂಗ ಬೆಳಸೇನ್ರಿ ಇದನ್ನ," ಎಂದ ಮೆತ್ತಗಾಗಿ. "ಊರು ಇಲ್ಲೇ ಐತಿ, ಒಂದ ಮೈಲು. ನೂಕ್ಕೊಂಡ ಹೋಗ್ರಿ. ಬಸ್‌ ಸ್ಟ್ಯಾಂಡ್ ಬಾಜೂಕ ಒಬ್ಬ ಮುದುಕ ಮಿಸ್ತ್ರಿ ಅದಾನ. ನಾವೂ ಸಂಜಿಗೆ ಟಿಕೋಟಾ ದಾರಿ ಹೊಲದಾಗ ಹಿಂಡ ಕೂಡಸಾವ್ರು. ಆ ಕಡೆ ಬಂದ್ರ ಹಿಂಗ ಬರಬ್ಯಾಡ್ರಿ."

ನೂಕಿಕೊಂಡು ಹೋದೆ. ಎರಡೂವರೆಯ ಬಿಸಿಲು, ಸಾವಿರದ ನಾನೂರ ಐವತ್ತು ರೂಪಾಯಿ ಹಾಕಿದ ಗಾಡಿ, ನೂಕುವವನು ನಾನು. ದಾರಿಯಲ್ಲಿ ನಿಂತು ಸಾಹುಕಾರರಿಗೆ ಫೋನ್ ಹಚ್ಚಿದೆ. "ಮೂರಂದ್ರ ಮೂರು ಮಲ್ಲಪ್ಪ. ನಾಕರ ತನಕ ನೋಡ್ತೀನಿ, ಆಮ್ಯಾಲ ನಿನ್ನ ನಸೀಬ," ಎಂದರು.

ಬಬಲೇಶ್ವರದ ಮಿಸ್ತ್ರಿಗೆ ಅರವತ್ತು ದಾಟಿತ್ತು. ತಗಡಿನ ಶೆಡ್ಡು, ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಸಾಮಾನು. ನಾನು ಹೇಳುವ ಮೊದಲೇ ಡಬ್ಬಿ ಬಿಚ್ಚಿ ಒಳಗೆ ಬೆರಳಾಡಿಸಿದರು.

"ಈ ಡಬ್ಬಿ ಒಳಗ ಒಂದ ಸಣ್ಣ ಮೊಳಿ ಇರತೈತ್ರಿ. ಅದು ಹ್ಯಾಂಡಲ್ಲಿನ ತೂತಿನ್ಯಾಗ ಕುಂತ್ರ ಡಬ್ಬಿ ತಿರಗೂದಿಲ್ಲ. ಹೊಸ ಹ್ಯಾಂಡಲ್ಲಿಗೆ ತೂತ ಹಾಕಬೇಕಿತ್ತು. ಯಾವ ಶಾಣ್ಯಾ ಮಾಡ್ಯಾನೋ, ತೂತ ಹಾಕೂದ ಬಿಟ್ಟು ಮೊಳಿನ ಮುರದಾನ."

ನಾನು ಸುಸಲಾ ತಿನ್ನುವಾಗ ಆದ ಕೆಲಸ ಅದು. ಐದು ನಿಮಿಷದ ತೂತು ಉಳಿಸಲು ನನ್ನ ಜೀವಕ್ಕೆ ಕೈ ಹಾಕಿದ್ದ. ಬಾಡಿಗೆಯ ಲೆಕ್ಕ ಹೇಳಿದವನು ಇದರ ಲೆಕ್ಕ ಹೇಳಲೇ ಇಲ್ಲ. ನನ್ನ ಬಾಯಿಂದ ಬಂದ ಬೈಗುಳಗಳು ಇಲ್ಲಿ ಬರೆಯುವಂಥವಲ್ಲ. ಮಿಸ್ತ್ರಿ ತಲೆ ಎತ್ತದೆ ಕೇಳಿಸಿಕೊಂಡರು.

"ಬೈದದ್ದು ಮುಗೀತಂದ್ರ ಗಾಡಿ ಮ್ಯಾಲ ಕುಂದರ್ರಿ. ಕಣ್ಣ ಮುಚ್ಚರಿ. ಕೈ ಎಲ್ಲಿ ಹೋಗ್ತಾವ ಅಲ್ಲಿ ಹೋಗ್ಲಿ, ನೀವಾಗಿ ಹಿಡೀಬ್ಯಾಡ್ರಿ."

ಕೂತು ಕಣ್ಣು ಮುಚ್ಚಿದೆ. ಕೈ ಹೋಗಿ ಕೂತ ಕಡೆ, ಮಣಿಕಟ್ಟು ನಿಂತ ಓರೆಗೆ ಸೀಮೆಸುಣ್ಣದ ಗೆರೆ ಎಳೆದರು. ನನ್ನ ಬಲಗೈ ಎಡಗೈಗಿಂತ ತುಸು ಕೆಳಗಿತ್ತು. "ಈ ರಟ್ಟಿ ನೋಯಾಕತ್ತೈತಿ ಅಲ್ರಿ?" ಎಂದು ಅವರೇ ಕೇಳಿದರು. ನಾನು ಹೇಳಿರಲಿಲ್ಲ. ಕರೆಂಟ್ ಇರಲಿಲ್ಲ. ಕೈಯಿಂದ ತಿರುಗಿಸುವ ಡ್ರಿಲ್ಲಿನಲ್ಲಿ ಎದೆಯಿಂದ ಒತ್ತಿ ಆ ಗೆರೆಗೆ ಸರಿಯಾಗಿ ತೂತು ಹಾಕಿ, ಮುರಿದ ಮೊಳೆಯ ಜಾಗದಲ್ಲಿ ಸಣ್ಣ ಸ್ಕ್ರೂ ಕೂರಿಸಿ, ನಾಲ್ಕೂ ನಟ್ಟು ಮತ್ತೆ ಬಿಗಿದರು. ಮುಕ್ಕಾಲು ತಾಸು. ಹಣೆಯ ಬೆವರು ಟ್ಯಾಂಕಿನ ಮೇಲೆ ತೊಟ್ಟಿಕ್ಕಿತು. ಅದನ್ನೂ ತಮ್ಮ ಅಂಗಿಯಿಂದಲೇ ಒರೆಸಿದರು.

"ಎಷ್ಟಾತ್ರಿ?"

"ಅರವತ್ತ ಕೊಡ್ರಿ."

"ಅರವತ್ತೇನ್ರಿ?"

"ನಾಕ ನಟ್ಟು, ಒಂದ ತೂತು. ಅದಕ್ಕ ಎಷ್ಟ ಕೇಳೂದ್ರಿ ಮತ್ತ?"

ಅಷ್ಟು ಹೊತ್ತು ಸ್ಟೇಷನ್ ರಸ್ತೆಯವನ ಮೇಲೆ ಇದ್ದ ಸಿಟ್ಟು ಈಗ ಈ ಮುದುಕರ ಮೇಲೆ ಬಂತು. ನಾಲ್ಕು ನಟ್ಟು ಎಂದು ಕೂಗಾಡಿದ್ದು ನಾನೇ. ಅದೇ ಮಾತನ್ನು ಇವರು ತಮ್ಮ ಕೆಲಸಕ್ಕೆ ತಾವೇ ಆಡಿದಾಗ ಕೇಳಲಾಗಲಿಲ್ಲ.

"ನೀವು ಹಿಂಗ ಕೇಳ್ತೀರಿ ಅಂತನ ನಿಮ್ಮ ಶೆಡ್ಡಿಗೆ ಇನ್ನೂ ತಗಡ ಐತ್ರಿ! ಕಣ್ಣ ಮುಚ್ಚಿಸಿ ಅಳತಿ ತಗೊಳ್ಳಾವ್ರು ಅರವತ್ತ ಕೇಳಬಾರದು. ಎರಡನೂರು ಹಿಡೀರಿ."

"ಯಪ್ಪಾ, ದುಡ್ಡ ಕಡಿಮಿ ಕೇಳಿದ್ದಕ್ಕ ಜಗಳಾ ಮಾಡಾವನ್ನ ಇವತ್ತ ನೋಡಿದೆ," ಎಂದು ಅವರು ನಕ್ಕರು. ಬಹಳ ಜಗ್ಗಾಡಿ ನೂರು ತೆಗೆದುಕೊಂಡರು, ಜೊತೆಗೆ ನನ್ನ ಬುತ್ತಿಯ ಒಂದು ರೊಟ್ಟಿ.

ತೋಟ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಕಂಬ ನಿಲ್ಲಿಸಿ ಆಗಿತ್ತು, ತಂತಿಯ ಸಿಂಬಿಗಳು ನೆರಳಲ್ಲಿದ್ದವು. ಸಾಹುಕಾರರು ಹೊರಸಿನ ಮೇಲೆ ಕೂತಿದ್ದರು.

"ಎಕರೆಗೆ ಇಪ್ಪತ್ತೆರಡ ಸಾವಿರ ಅಂತೀ. ಆ ಗ್ಯಾಂಗಿನವರು ಹದಿನೆಂಟಕ್ಕ ತಯಾರ ಅದಾರ. ನಾಕ ಸಾವಿರ ಯಾಕ ಹೆಚ್ಚ ಕೊಡ್ಲಿ?"

"ದರ ನೋಡಬ್ಯಾಡ್ರಿ ಸಾವಕಾರ್ರ, ಕೆಲಸ ನೋಡ್ರಿ."

"ಕೆಲಸ ಇನ್ನೂ ಆಗೇ ಇಲ್ಲ, ಏನ ನೋಡ್ಲಿ? ಹಾಕಿದ ಮ್ಯಾಲ ಎಲ್ಲಾರೂ ಛಲೋ ಆಗೇತಿ ಅಂತಾರ."

ನ್ಯಾಯದ ಮಾತು. ಬೆಳಿಗ್ಗೆ ನಾನೂ ಕೌಂಟರಿನ ಮುಂದೆ ಹಾಗೇ ನಿಂತಿದ್ದೆ: ಹಾಕಿದ ಮೇಲೆ ನೋಡೋಣ ಎಂದವನ ಕೈಯಲ್ಲಿ ಗಾಡಿ ಕೊಟ್ಟು. ಜೇಬಿನಲ್ಲಿ ಆ ಚೀಟಿ ಚುಚ್ಚುತ್ತಿತ್ತು. ತೆಗೆದು ಅವರ ಕೈಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ಹೇಳಿದೆ:

"ಸೋಮವಾರ ಬಂದು ಒಂದ ಸಾಲು ಕಟ್ತೀನ್ರಿ. ಒಂದ ರೂಪಾಯಿ ಬ್ಯಾಡ. ನೀವ ಕಡೀ ಕಂಬದ ಹಂತೇಕ ನಿಂದರ್ರಿ, ಊಟಕ್ಕ ಸೈತ ಹೋಗಬ್ಯಾಡ್ರಿ. ಆಮ್ಯಾಲ ನೀವ ಜೋತ ಬೀಳ್ರಿ. ತಂತಿ ಜಗ್ಗಿತಂದ್ರ ನಾ ಬಿಚ್ಚಿಕೊಂಡ ಹೋಗ್ತೀನಿ. ಬಿಚ್ಚಾಕ ಎರಡನೂರ ಕೇಳೂದಿಲ್ಲ. ಜಗ್ಗಲಿಲ್ಲಂದ್ರ ಇಪ್ಪತ್ತೆರಡು. ಅದರಾಗ ಒಂದ ಪೈಸೆ ಇಳಿಸೂದಿಲ್ಲ."

ಸಾಹುಕಾರರು ಚೀಟಿಯನ್ನು ಎರಡು ಸಲ ಓದಿದರು. "ನಾ ತೊಂಬತ್ತ ಕಿಲೋ ಅದೇನಿ, ನೆನಪಿಟ್ಕೋ," ಎಂದರು.

"ಬಟ್ಟಿ ಉಟ್ಕೊಂಡ ತೂಗಿದ್ದೇನ್ರಿ?"

ಅವರು ನಕ್ಕು ಫೋನ್ ತೆಗೆದು, ನನ್ನ ಎದುರಿಗೇ ಗ್ಯಾಂಗಿನವರಿಗೆ ಸೋಮವಾರದ ತನಕ ತಡೆಯಿರಿ ಎಂದರು. ಅಷ್ಟು ಸಾಕಾಗಿತ್ತು.

ಮನೆಗೆ ಮರಳುವ ಟಿಕೋಟಾ ದಾರಿಯಲ್ಲಿ ಬಿಸಿಲು ಎದುರಿಗೆ ಬಂತು. ಸಾವಿರದ ನಾನೂರ ಐವತ್ತಕ್ಕೆ ಆಗದ ಕೆಲಸ ನೂರಕ್ಕೆ ಆದದ್ದು ಸಂತೋಷದ ಸುದ್ದಿ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಎರಡೂ ಸಿಟ್ಟು ತರಿಸುತ್ತವೆ. ಮುಂದಿನ ಸಲ ವಿಜಯಪುರಕ್ಕೆ ಹೋದಾಗ ಸ್ಟೇಷನ್ ರಸ್ತೆಗೆ ಹೋಗಿಯೇ ಹೋಗುತ್ತೇನೆ. ದುಡ್ಡು ತಿರುಗಿ ಕೇಳುವುದಿಲ್ಲ. ಆ ಕಲೆಯಿಲ್ಲದ ಅಂಗಿಯವನನ್ನು ನನ್ನ ಗಾಡಿಯ ಮೇಲೆ ಕೂರಿಸಿ, ಕಣ್ಣು ಮುಚ್ಚು ಅನ್ನುತ್ತೇನೆ. ಅವನ ಕೈ ಎಲ್ಲಿ ಹೋಗುತ್ತವೋ ನೋಡಬೇಕು.

ಕಾಲುದಾರಿ ಕೂಡುವ ಕಡೆ ಅದೇ ಹಿಂಡು ರಸ್ತೆ ದಾಟುತ್ತಿತ್ತು. ದೂರದಿಂದಲೇ ರೇಸ್ ಬಿಟ್ಟೆ. ಎಂಜಿನ್ ಒಮ್ಮೆಲೇ ತಣ್ಣಗಾಗಿ ಗುಟುಗುಟು ಅನ್ನತೊಡಗಿತು, ಕುರಿಗಳ ಗೊರಸಿನ ಸಪ್ಪಳ ಕೇಳುವಷ್ಟು.

"ಏನ್ರಿ ಮಾಮಾ, ಗಾಡಿಗೆ ಬುದ್ಧಿ ಬಂತೇನ್ರಿ?" ಕುರಿಗಾರ ಕೂಗಿದ.

"ಗಾಡಿಗೆ ಬಂತೋ ತಮ್ಮಾ!"

ಕೊನೆಯಲ್ಲಿ ಆ ಮರಿ ಬಂತು. ನನ್ನ ಗಾಲಿಯ ಮುಂದೆ ನಿಂತು ಟಯರು ಮೂಸಿ, ಅವಸರವಿಲ್ಲದೆ ದಾಟಿತು. ನಾನೂ ಅವಸರ ಮಾಡಲಿಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ, ಕುರಿಗಾರ ಅದನ್ನು ಎತ್ತಿ ಹೆಗಲ ಕಂಬಳಿಯ ಮೇಲೆ ಹಾಕಿಕೊಂಡಿದ್ದ.