ಜಾಲರಿ ಅಕ್ಕನ ಕಿವಿ

ಆ ದಿನ ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಜಾಲರಿ ಅಕ್ಕನ ಯಂತ್ರದಲ್ಲಿ ಹನ್ನೊಂದು ಬ್ಲೇಡುಗಳು ತುಂಡಾಗಿದ್ದವು. ಮೊದಲೆಲ್ಲ ಅಷ್ಟು ಬ್ಲೇಡು ಮುರಿಯಲು ಅವಳಿಗೆ ಒಂದು ವಾರ ಬೇಕಾಗುತ್ತಿತ್ತು. ತಮ್ಮನ ಕಣ್ಣಿಗೆ ಬೀಳಬಾರದೆಂದು ತುಂಡುಗಳನ್ನು ಕಸದ ಡಬ್ಬಿಗೆ ಹಾಕದೆ ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು. ಊಟಕ್ಕೆ ಕೂತಾಗ ಅವು ತೊಡೆಗೆ ಚುಚ್ಚಿದವು. ಕಮಕ್ ಕಿಮಕ್ ಅನ್ನದೆ ಉಂಡು ಎದ್ದಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, ಜಾಲರಿ ಅಕ್ಕ ಎಂದು. ಬಳ್ಳಿ, ಹೂವು, ಹಕ್ಕಿ, ಅಕ್ಷರ, ಏನು ಕೇಳಿದರೂ ಮರದ ಹಲಗೆಯಲ್ಲಿ ಜಾಲರಿಯ ಹಾಗೆ ಕೊರೆದುಕೊಡುತ್ತಿದ್ದಳು. ವಯಸ್ಸು ಐವತ್ತೇಳು. ಹದಿನೆಂಟಕ್ಕೆ ಒಂದು ಪೆಟ್ಟಿಗೆ ಕಾರ್ಖಾನೆ ಸೇರಿ, ದೊಡ್ಡ ಗರಗಸಗಳ ಪಕ್ಕದಲ್ಲಿ ಇಪ್ಪತ್ತು ವರ್ಷ ದುಡಿದು, ಅದು ಮುಚ್ಚಿದಾಗ ಅಲ್ಲಿಂದ ಒಂದು ಹಳೆಯ ಸ್ಕ್ರೋಲ್ ಸಾ ಯಂತ್ರವನ್ನು ತಂದುಕೊಂಡಿದ್ದಳು. ನೋಡಲು ಹೊಲಿಗೆ ಯಂತ್ರದಷ್ಟೇ ಇರುವ ಅದರಲ್ಲಿ ದಾರದಷ್ಟು ಸಪೂರವಾದ ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನೇ ಬೆರಳುಗಳಿಂದ ತಿರುಗಿಸುತ್ತಾ ಗೆರೆಯ ಮೇಲೆ ನಡೆಸಬೇಕು.

ಅವಳು ಕೊರೆದದ್ದಕ್ಕೆ ಉಪ್ಪುಕಾಗದ ಉಜ್ಜಿ, ಎಣ್ಣೆ ಕುಡಿಸಿ, ಹೊಳಪು ಕೊಡುತ್ತಿದ್ದವನು ತಮ್ಮ. ಅವನ ಅಡ್ಡಹೆಸರು ಪಾಲಿಶ್. ‘ಮರಕ್ಕೂ ಹಚ್ಚುತ್ತಾನೆ, ಮಾತಿಗೂ ಹಚ್ಚುತ್ತಾನೆ’ ಎಂದು ಪಕ್ಕದ ಸೈಕಲ್ ಅಂಗಡಿಯವನು ನಗುತ್ತಿದ್ದ. ಅಕ್ಕ ಮಾತಿನಲ್ಲಿ ಎಷ್ಟು ಜಿಪುಣಿಯೋ ತಮ್ಮ ಅಷ್ಟು ಧಾರಾಳಿ. ಒಂದೇ ಕೋಣೆಯ ಕಾರ್ಖಾನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಹದಿನೆಂಟು ವರ್ಷ ಅವನು ಮಾತಾಡಿದ್ದ, ಇವಳು ‘ಹೂಂ’ ಅಂದಿದ್ದಳು.

ಬ್ಲೇಡು ಮುರಿಯಲು ಕಾರಣ ಏನೆಂದು ಅವಳಿಗೆ ಗೊತ್ತಿತ್ತು. ಜಾಲರಿಯ ಒಂದೊಂದು ಕಿಂಡಿಗೂ ಬ್ಲೇಡಿನ ಮೇಲ್ತುದಿಯನ್ನು ಬಿಚ್ಚಿ, ಡ್ರಿಲ್ಲಿನಿಂದ ಮಾಡಿದ ತೂತಿನಲ್ಲಿ ಪೋಣಿಸಿ, ಮತ್ತೆ ಸಿಕ್ಕಿಸಿ, ತಿರುಪು ತಿರುಗಿಸಿ ಬಿಗಿ ಮಾಡಬೇಕು. ಬಿಗಿ ಸರಿಯಿದೆಯೇ ಎಂದು ತಿಳಿಯಲು ಅವಳು ಉಗುರಿನಿಂದ ಬ್ಲೇಡನ್ನು ಮೀಟುತ್ತಿದ್ದಳು. ಟಿಂಗ್ ಅಂದರೆ ಸರಿ. ಟಪ್ ಅಂದರೆ ಸಡಿಲ, ಬ್ಲೇಡು ಗೆರೆ ಬಿಟ್ಟು ಅಲೆಯುತ್ತದೆ. ಕಿಂಯ್ ಅಂದರೆ ಅತಿ ಬಿಗಿ, ತುಂಡಾಗುತ್ತದೆ. ಎಂಟು ತಿಂಗಳಿಂದ ಆ ಟಿಂಗ್ ಮಂಕಾಗುತ್ತಾ ಬಂದಿತ್ತು. ಈಗ ಉಗುರಿಗೆ ಬ್ಲೇಡು ತಾಗಿದ್ದು ತಿಳಿಯುತ್ತಿತ್ತೇ ಹೊರತು ಸದ್ದು ಇರಲೇ ಇಲ್ಲ.

ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಹಿತ್ತಲಿನ ನಲ್ಲಿ ಅರ್ಧ ದಿನ ಸುರಿದು ತೊಟ್ಟಿ ಬರಿದಾದಾಗ ತಮ್ಮನ ಹೆಂಡತಿ ಮೆಲ್ಲಗೆ, “ಅತ್ತಿಗೆ, ನಲ್ಲಿ ಬಿಟ್ಟೇ ಬಂದ್ರಾ?” ಅಂದದ್ದಕ್ಕೆ, “ನಾನು ನಿಲ್ಸಿದ್ದೆ!” ಎಂದು ಮನೆ ಹಾರಿಹೋಗುವಂತೆ ಕೂಗಿದ್ದಳು. ಕಿವಿ ಹೋಯಿತೆಂದು ಗೊತ್ತಾದರೆ ಗರಗಸದ ಮುಂದೆ ಕೂರಲು ಬಿಡುತ್ತಾರೆಯೇ? ತಾನು ಕೊರೆಯದಿದ್ದರೆ ತಮ್ಮ ಹೊಳಪು ಕೊಡುವುದು ಯಾವುದಕ್ಕೆ?

ಇಂಥ ಹೊತ್ತಿನಲ್ಲೇ ಗ್ರಂಥಾಲಯದ ಕೆಲಸ ಬಂದಿತು. ಹಳೆಯ ಕಟ್ಟಡದ ಓದುವ ಕೋಣೆಯ ಬಾಗಿಲ ಮೇಲೆ ಎರಡು ಜಾಲರಿಗಳಿದ್ದವು. ಬಳ್ಳಿಗಳ ನಡುವೆ ಉದ್ದ ಕುತ್ತಿಗೆಯ ಹಕ್ಕಿಗಳು. ಬಣ್ಣ ಬಳಿಯುವವರ ಏಣಿ ತಗುಲಿ ಅದರಲ್ಲೊಂದು ಪುಡಿಯಾಗಿತ್ತು. ಗ್ರಂಥಪಾಲಕಿ ಅದೇ ಕಾಲದ ಒಂದು ಕಪಾಟಿನ ತೇಗದ ಹಲಗೆಯನ್ನು ಬಿಚ್ಚಿ, ತೆಳ್ಳಗೆ ಮಾಡಿಸಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದರು.

“ಇದೊಂದೇ ಇರೋದು ನೋಡಿ. ಇದು ಹಾಳಾದ್ರೆ ಆ ಬಣ್ಣದ ಮರ ಇನ್ನೆಲ್ಲೂ ಸಿಗಲ್ಲ. ಮತ್ತೆ ಕೆಳಗಿನ ಎಲೆ ಸಾಲು ಸ್ವಲ್ಪ ಮೊಟಕಾಗಲಿ, ಚೌಕಟ್ಟು ಬದಲಾಗಿದೆ.”

“ಆಗ್ಲಿ,” ಅಂದಳು ಅಕ್ಕ.

ಮಾರನೆಯ ದಿನ ಅವಳು ಬರೆದ ನಕ್ಷೆಯನ್ನು ನೋಡಿ ಪಾಲಿಶ್ ತಲೆ ಕೆರೆದುಕೊಂಡ. “ಅಕ್ಕ, ಹಕ್ಕಿ ಬಾಲಗಳೆಲ್ಲಾ ಎಲ್ಲಿ ಹೋದ್ವು?”

“ಅವರೇ ಹೇಳಿದ್ರಲ್ಲ, ಬಾಲ ಮೊಟಕಾಗಲಿ ಅಂತ.”

“ಸಾಲು ಅಂದ್ರು! ಎಲೆ ಸಾಲು! ಬಾಲ ಯಾಕೆ ಮೊಟಕು ಮಾಡಿಸ್ತಾರೆ, ಹಕ್ಕಿಗಳಿಗೇನು ಕ್ಷೌರವಾ?”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಂತೆ ಮಾಡಿ ಹೊಸ ಕಾಗದ ತೆಗೆದುಕೊಂಡಳು.

ಇನ್ನೂರ ಹದಿನಾಲ್ಕು ಕಿಂಡಿಗಳು. ನಕ್ಷೆ ಅಂಟಿಸಿ, ತೂತು ಕೊರೆದು, ನಡುವಿನ ಸಣ್ಣ ಕಿಂಡಿಗಳಿಂದ ಶುರುಮಾಡಿದಳು. ದೊಡ್ಡವನ್ನು ಮೊದಲು ತೆಗೆದರೆ ಹಲಗೆಯ ಶಕ್ತಿ ಹೋಗುತ್ತದೆ. ತಿರುಪಿನ ಮೇಲೆ ಪೆನ್ಸಿಲ್ ಗುರುತು ಮಾಡಿ, ಎಷ್ಟು ಸುತ್ತು ತಿರುಗಿಸಿದೆ ಎಂದು ಲೆಕ್ಕ ಇಟ್ಟಳು. ಬ್ಲೇಡು ಸಿಕ್ಕಿಸುವಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಆ ಲೆಕ್ಕ ಕೈಕೊಡುತ್ತಿತ್ತು. ‘ಈ ಸಲದ ಬ್ಲೇಡೇ ಸರಿಯಿಲ್ಲ’ ಎಂದು ತಮ್ಮನಿಂದ ಬೇರೆ ಪೊಟ್ಟಣ ತರಿಸಿದಳು. ಅವೂ ತುಂಡಾದವು. ಹನ್ನೊಂದು ಬ್ಲೇಡು ಮುರಿದದ್ದು ಆ ಪೊಟ್ಟಣದಲ್ಲೇ.

ಆ ದಿನ ಊಟ ಮುಗಿಸಿ ಬಂದವಳು ಇನ್ನು ಮುರಿಯುವುದು ಬೇಡವೆಂದು ತಿರುಪನ್ನು ಒಂದಿಷ್ಟು ಸಡಿಲವೇ ಬಿಟ್ಟಳು. ನೂರ ಅರವತ್ತೆರಡನೆಯ ಕಿಂಡಿ, ಮೂರನೆಯ ಹಕ್ಕಿಯ ಕುತ್ತಿಗೆಯ ಪಕ್ಕದ್ದು. ಅರ್ಧ ತಿರುವು ಸರಿಯಾಗಿಯೇ ಬಂತು. ಆಮೇಲೆ ಬ್ಲೇಡು ಬಾಗಿ ಪಕ್ಕಕ್ಕೆ ಸರಿಯಿತು. ಅವಳು ಹಲಗೆಯನ್ನು ಹಿಂದಕ್ಕೆಳೆಯುವಷ್ಟರಲ್ಲಿ ಬೆಂಕಿಕಡ್ಡಿಯಷ್ಟು ದಪ್ಪದ ಕುತ್ತಿಗೆ ಕತ್ತರಿಸಿಹೋಗಿ, ಬೆರಳಿನ ಉಗುರಿನಷ್ಟು ತಲೆ ಕೆಳಗಿನ ಮರದ ಹೊಟ್ಟಿನೊಳಗೆ ಬಿತ್ತು.

ಯಂತ್ರ ಆರಿಸಿದಳು. ಹಲಗೆಯ ಮೇಲೆ ಬಟ್ಟೆ ಹೊದಿಸಿದಳು. ಕುರ್ಚಿಯಲ್ಲಿ ಹಾಗೇ ಕೂತಳು. ಗ್ರಂಥಪಾಲಕಿಯ ‘ಇದೊಂದೇ ಇರೋದು’ ಎಂಬ ಮಾತು ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಆ ಮಾತು ಮಾತ್ರ ಎಷ್ಟು ಸ್ಪಷ್ಟವಾಗಿ ಕೇಳಿಸಿಬಿಟ್ಟಿತ್ತಲ್ಲ ಎಂದುಕೊಂಡಳು.

ಹಿಂದಿನಿಂದ ತಮ್ಮ ಏನೋ ಕೇಳುತ್ತಿದ್ದ. ಅವಳು ತಿರುಗಲಿಲ್ಲ. ಅವನು ಎದ್ದು ಬಂದು ಎದುರಿಗೇ ನಿಂತಾಗ ಬೆಚ್ಚಿಬಿದ್ದಳು. ಅವನ ಮುಖ ಕೆಂಪಾಗಿತ್ತು, ಕೈಯಲ್ಲಿದ್ದ ಉಪ್ಪುಕಾಗದ ಮುದ್ದೆಯಾಗಿತ್ತು.

“ಸಾಕು ಅಕ್ಕ. ಹೇಳಿಬಿಡು. ನನ್ನಿಂದ ಏನು ತಪ್ಪಾಯ್ತು?”

“ಏನು?”

“ಅದೇ ನೋಡು! ಆರು ತಿಂಗಳಾಯ್ತು, ನಾನು ಹತ್ತು ಮಾತಾಡಿದ್ರೆ ನೀನು ಒಂದಕ್ಕೂ ಹೂಂ ಅನ್ನಲ್ಲ. ಬೆನ್ನು ಹಾಕ್ಕೊಂಡು ಕೂತಿರ್ತೀಯ. ನಾನು ಗೋಡೆ ಜೊತೆ ಮಾತಾಡ್ತಿದೀನಾ? ನನ್ನ ಕೆಲಸ ಸರಿ ಹೋಗ್ತಿಲ್ವಾ? ಬೇರೆಯಾಗೋಣ ಅಂತಿದ್ರೆ ಬಾಯಿ ಬಿಟ್ಟು ಹೇಳು. ದಿನಾ ಬೆಳಿಗ್ಗೆ ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಬರ್ತಿದೀನಿ.”

ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿ ಬಂತು. ತನ್ನ ಹೆದರಿಕೆಯೊಂದನ್ನೇ ಕಾದುಕೊಂಡು ಕೂತಿದ್ದವಳಿಗೆ ಬೆನ್ನ ಹಿಂದೆಯೇ ಇನ್ನೊಬ್ಬ ಹೆದರಿ ಕೂತಿದ್ದಾನೆಂದು ಹೊಳೆದೇ ಇರಲಿಲ್ಲ.

“ಕೇಳಿಸ್ತಿಲ್ಲ ಕಣೋ,” ಅಂದಳು.

“ಇನ್ನೂ ಜೋರಾಗಿ ಹೇಳ್ಬೇಕಾ?”

“ಅಯ್ಯೋ ಮಾರಾಯ, ನನಗೆ ಕಿವಿ ಕೇಳಿಸ್ತಿಲ್ಲ!”

ಪಾಲಿಶ್ ಉಪ್ಪುಕಾಗದವನ್ನು ಕೆಳಗೆ ಹಾಕಿ ಅವಳ ಪಕ್ಕದಲ್ಲೇ ಕುಕ್ಕರಿಸಿದ. ಅವಳು ಜೇಬಿನಿಂದ ಬ್ಲೇಡಿನ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಸುರಿದಳು. ಆಮೇಲೆ ಬಟ್ಟೆ ಸರಿಸಿ ತಲೆ ಇಲ್ಲದ ಹಕ್ಕಿಯನ್ನು ತೋರಿಸಿದಳು.

ಅವನು ಮನೆಗೆ ಓಡಿ ಹೆಂಡತಿಯ ಹಿಟ್ಟಿನ ಜರಡಿ ತಂದ. ಇಬ್ಬರೂ ನೆಲದ ಮೇಲೆ ಕೂತು ಹೊಟ್ಟನ್ನು ಹಿಡಿ ಹಿಡಿಯಾಗಿ ಜರಡಿ ಹಿಡಿದರು. ಎಲೆಯ ಚೂರು, ವೃತ್ತದ ಚೂರು, ಮುರಿದ ಬ್ಲೇಡು ಎಲ್ಲ ಸಿಕ್ಕವು, ತಲೆ ಮಾತ್ರ ಇಲ್ಲ. ಒಂದು ಗಂಟೆಯ ಮೇಲೆ ಪಾಲಿಶ್ ಯಂತ್ರದ ಕಾಲಿನ ಸಂದಿಯಿಂದ ಚಿಮಟದಲ್ಲಿ ಅದನ್ನು ಎತ್ತಿ ಹಿಡಿದ. ಕೊಕ್ಕು ಸಮೇತ ಸಿಕ್ಕಿತ್ತು. ಸೂಜಿಯ ಮೊನೆಯಲ್ಲಿ ಅಂಟು ಹಚ್ಚಿ, ಹಿಂಬದಿಗೆ ತೇಗದ ತೆಳುವಾದ ಚಕ್ಕೆ ಕೊಟ್ಟು, ಎರಡು ದಿನ ಹಾಗೇ ಬಿಟ್ಟರು.

ಆ ಎರಡು ದಿನದಲ್ಲಿ ಕಿವಿಯ ಡಾಕ್ಟರ ಹತ್ತಿರ ಹೋಗಿಬಂದರು. ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದಿದ್ದರು. ಕೆಲವು ಸಲ ಒತ್ತಿದಳು, ಆಮೇಲೆ ಬಹಳ ಹೊತ್ತು ಕಾದಳು. “ಇನ್ನೊಂದು ಯಾವಾಗ ಶುರುವಾಗುತ್ತೆ?” ಎಂದು ಕೇಳಿದಾಗ ಡಾಕ್ಟರು ಪರೀಕ್ಷೆಯನ್ನೇ ಮುಗಿಸಿ ಹಾಳೆ ಮಡಿಚುತ್ತಿದ್ದರು.

“ತೀಕ್ಷ್ಣವಾದ ಸದ್ದುಗಳು ಎರಡೂ ಕಿವಿಯಲ್ಲಿ ಹೋಗಿವೆ ಅಮ್ಮ. ಗರಗಸದ ಸದ್ದು ಇಷ್ಟು ವರ್ಷ ತಿಂದಿದೆ. ಹೋದದ್ದು ವಾಪಸ್ ಬರಲ್ಲ. ಮಾತು ಕೇಳೋಕೆ ಯಂತ್ರ ಕೊಡ್ತೀನಿ. ಕೆಲಸದಲ್ಲಿ ಮಾತ್ರ ಅದನ್ನ ತೆಗೆದು, ಕಿವಿ ಮುಚ್ಚಿಕೊಂಡೇ ಕೂರಬೇಕು.”

“ಕೆಲಸ ಮಾಡಬಹುದಾ?”

“ಕಣ್ಣು, ಕೈ ಚೆನ್ನಾಗಿವೆಯಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ.”

ಅರ್ಧಕ್ಕೆ ನಿಂತಿದ್ದ ಆ ಕಿಂಡಿಗೂ ಉಳಿದ ಐವತ್ತೆರಡಕ್ಕೂ ಅವಳು ಬ್ಲೇಡು ಮೀಟಿದಳು, ಅವನು ಕೇಳಿದ. ಸರಿಯಿದ್ದರೆ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಕೆಳಗೆ. ಟಿಂಗ್ ಕೇಳಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು. ಅದು ಪಾಲಿಶ್‌ಗೆ ದೊಡ್ಡ ಶಿಕ್ಷೆ. ಪಕ್ಕದ ಸೈಕಲ್ ಅಂಗಡಿಯವನು ಮಾತಿನ ಸದ್ದಿಲ್ಲದ್ದು ಕಂಡು ಗಾಬರಿಯಾಗಿ, ಯಾರಿಗಾದರೂ ಹುಷಾರಿಲ್ಲವೇ ಎಂದು ಬಂದು ಇಣುಕಿ ಹೋದ. ಐದನೆಯ ದಿನದ ಹೊತ್ತಿಗೆ ಅಕ್ಕ ಬ್ಲೇಡನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ, ಅದು ಎಷ್ಟು ಬಗ್ಗುತ್ತದೆಂದು ನೋಡಿ, ಅವನ ಹೆಬ್ಬೆರಳು ಏಳುವ ಮೊದಲೇ ಹೇಳತೊಡಗಿದಳು. ತಪ್ಪುತ್ತಿತ್ತು. ಆಮೇಲೆ ತಪ್ಪು ಕಡಿಮೆಯಾಯಿತು.

ಜಾಲರಿಯ ಹಿಂಬದಿಯಲ್ಲಿ ಎದ್ದಿದ್ದ ರೋಮದಂಥ ಮರದ ಎಳೆಗಳನ್ನೆಲ್ಲ ಪಾಲಿಶ್ ಉಜ್ಜಿ ತೆಗೆದ. ಅಷ್ಟು ಕಿಂಡಿಗಳೊಳಗೆ ಕುಂಚ ಆಡುವುದಿಲ್ಲವಾದ್ದರಿಂದ ಅಗಲವಾದ ತಟ್ಟೆಯಲ್ಲಿ ಎಣ್ಣೆ ಸುರಿದು ಜಾಲರಿಯನ್ನೇ ಮುಳುಗಿಸಿ ಎತ್ತಿದ. ಎತ್ತುವಾಗ ಇಬ್ಬರೂ ಮೂರನೆಯ ಹಕ್ಕಿಯನ್ನು ನೋಡಿದರು. ಕುತ್ತಿಗೆ ನಿಂತಿತ್ತು.

ಗ್ರಂಥಪಾಲಕಿಗೆ ಮುರಿದ ವಿಷಯ ಹೇಳುವುದೇ ಬೇಡ ಅಂದಿದ್ದ ಪಾಲಿಶ್. ಅಕ್ಕ ಒಪ್ಪಲಿಲ್ಲ. ಜಾಲರಿ ಕೊಡುವ ಮೊದಲೇ ಬೆರಳಿಟ್ಟು ತೋರಿಸಿ, “ಇದು ಮುರಿದಿತ್ತು. ತಪ್ಪು ನಂದು,” ಅಂದಳು. ಅವರು ಕನ್ನಡಕ ಹಾಕಿ, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹೇಳದಿದ್ರೆ ಗೊತ್ತಾಗ್ತಿರಲಿಲ್ಲ,” ಅಂದರು. ಸಂತೋಷವೋ ಬೇಸರವೋ ತಿಳಿಯುವಂತಿರಲಿಲ್ಲ. “ಬಾಗಿಲು ಜೋರಾಗಿ ಹಾಕ್ಬೇಡಿ ಅಂತ ಒಂದು ಚೀಟಿ ಅಂಟಿಸ್ತೀನಿ.”

ಆರು ತಿಂಗಳ ನಂತರದ ಪರೀಕ್ಷೆಯ ಹಾಳೆಯಲ್ಲಿ ಎಡಗಿವಿಯ ಗೆರೆ ಇನ್ನೂ ಒಂದಿಷ್ಟು ಕೆಳಗಿಳಿದಿತ್ತು. ಬಲಗಿವಿ ಇದ್ದಲ್ಲೇ ಇತ್ತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಮ್ಮನಿಗೆ ಅವಳು ಹಾಳೆ ಕೊಟ್ಟಳು. ಅವನು ಅದನ್ನು ತಲೆಕೆಳಗಾಗಿ ಹಿಡಿದು ಓದಿ, ಸರಿಮಾಡಿ ಮತ್ತೆ ಓದಿದ.

“ನೀನೂ ಇನ್ನು ಕೊರೆಯೋದು ಕಲಿ,” ಅಂದಳು ಅಕ್ಕ. “ಕಿವಿ ಮುಚ್ಕೊಂಡು ಕಲಿ.”

ಅಂದು ಮಧ್ಯಾಹ್ನವೇ ಅವನನ್ನು ಯಂತ್ರದ ಮುಂದೆ ಕೂರಿಸಿ ಒಂದು ಹಳೆಯ ತುಂಡು ಹಲಗೆ ಕೊಟ್ಟಳು. ಮೊದಲ ಎಲೆ ಚಪ್ಪಲಿಯ ಹಾಗೆ ಬಂತು. ಎರಡನೆಯದು ಒಡೆಯಿತು. ಅವಳು ಮೂರನೆಯ ಎಲೆಯ ಗೆರೆ ಬರೆದುಕೊಟ್ಟು, ಪಕ್ಕದಲ್ಲಿ ನಿಂತು ಅವನ ಬೆರಳುಗಳನ್ನೇ ನೋಡತೊಡಗಿದಳು.