ಕಣ್ಣು ಬದಲಾಯಿಸುವ ಕ್ಯಾಮೆರಾ

ಬಣಕಲ್ಲಿನ ನಮ್ಮ ಸ್ಟುಡಿಯೋದ ಅರ್ಧವನ್ನು ಕಟ್ಟಡದ ಮಾಲೀಕರು ಚಿಪ್ಸ್ ಅಂಗಡಿಗೆ ಕೊಟ್ಟ ಮೇಲೆ ನಮಗೆ ಉಳಿದದ್ದು ಒಂದು ಗಾಜಿನ ಕಪಾಟು, ಒಂದು ನೀಲಿ ಪರದೆ, ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕತ್ತರಿ, ಅದನ್ನು ಹಿಡಿಯುವ ನಾನು. ನಮ್ಮ ಯಜಮಾನರು ಇದ್ದಾಗ ಮದುವೆ ಸೀಸನ್ನಿನಲ್ಲಿ ಉಣ್ಣುವುದಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಅವರು ಹೋದರು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಬ್ಯಾಂಕಿಗೋ ಶಾಲೆಗೋ ಫೋಟೊ ಬೇಕಾದವರು ಬಂದರೆ ಬಂದರು, ಇಲ್ಲದಿದ್ದರೆ ಬಸ್ಸು ನೋಡುತ್ತಾ ಕೂರುವುದು.

ಅಂಥ ಅಂಗಡಿಗೆ ನನ್ನ ಮೊಮ್ಮಗಳು ಬಂದು ಕೂತಳಲ್ಲ, ಆ ಸಂತೋಷವನ್ನು ಮೂರನೇ ಕ್ಲಾಸು ಓದಿದ ನಾನು ಹೇಗೆ ಬರೆಯಲಿ! ಚಿಕ್ಕಮಗಳೂರಿನಲ್ಲಿ ಕಾಲೇಜು ಮುಗಿಸಿ ಬಂದವಳು ಬ್ಯಾಗು ಇಳಿಸಿ, ಅವಳ ಅಜ್ಜ ಕೂರುತ್ತಿದ್ದ ಸ್ಟೂಲನ್ನು ಎಳೆದುಕೊಂಡು, "ಅಜ್ಜಿ, ಇದು ಇನ್ಮೇಲೆ ನಂದು" ಎಂದಳು. ನಾನು ಎದ್ದು ಅವಳ ತಲೆ ಸವರಿದೆ, ಗಲ್ಲ ಹಿಡಿದೆ, ಪಕ್ಕದಂಗಡಿಯ ಚಿಪ್ಸು ತಂದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕೊಟ್ಟೆ. ಈಗಲೂ ನೆನೆಸಿಕೊಂಡರೆ ಎದೆ ತುಂಬಿ ಬರುತ್ತದೆ. ಉಳಿದದ್ದನ್ನೆಲ್ಲ ಆಮೇಲೆ ಹೇಳುತ್ತೇನೆ. ಇದೊಂದು ಮೊದಲು ಹೇಳಬೇಕಿತ್ತು.

ಮಾಲೀಕರು ಒಳ್ಳೆಯವರೇ. ಆದರೆ ಉಳಿದರ್ಧಕ್ಕೂ ಒಬ್ಬರು ಕಾದಿದ್ದರು. ಟೂರಿಸ್ಟರಿಗೆ ಏಲಕ್ಕಿ, ಮೆಣಸು, ಕಾಫಿಪುಡಿ ಮಾರುವವರು. "ಮಳೆ ಹಿಡಿಯೋದ್ರೊಳಗೆ ಒಂದು ಮಾತು ಹೇಳಿ ಅಮ್ಮಾ. ಅಂಗಡಿ ನಡೆಯೋ ಹಂಗಿದ್ರೆ ಇಟ್ಕೊಳ್ಳಿ, ನಾನೇನು ಎಬ್ಬಿಸಲ್ಲ" ಎಂದಿದ್ದರು.

ಆ ಹೊತ್ತಿಗೇ ಆ ಕ್ಯಾಮೆರಾ ಬಂತು. ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ಮೊಮ್ಮಗಳು ಒಂದು ಕಂಪನಿಯವರು ಕಳಿಸಿದ್ದ ಸ್ಯಾಂಪಲ್ ಪೆಟ್ಟಿಗೆ ತೆರೆದು ಅಂಗೈಯಷ್ಟು ಅಗಲದ ಒಂದು ಮೈ ತೆಗೆದಳು. ಅದಕ್ಕೆ ಮುಖವೇ ಇರಲಿಲ್ಲ. ಆಮೇಲೆ ಮೂರು ತುಂಡು ತೆಗೆದಳು. ಒಂದು ಹತ್ತಿರದ್ದನ್ನು ದೊಡ್ಡದಾಗಿ ಹಿಡಿಯುವುದು, ಒಂದು ದೂರದ್ದು, ಒಂದು ಅಗಲಕ್ಕೆ ನೋಡುವುದು. ಬೇಕಾದ್ದನ್ನು ಮೈಗೆ ಜಾರಿಸಿದರೆ ಟಕ್ಕೆಂದು ಕೂರುತ್ತಿತ್ತು.

"ಲೆನ್ಸ್ ಬದಲಾಯಿಸೋ ಕ್ಯಾಮೆರಾ ನಿಮ್ಮಜ್ಜನ ಹತ್ರನೂ ಇತ್ತಲ್ಲೇ" ಎಂದೆ.

"ಅದ್ರಲ್ಲಿ ಲೆನ್ಸ್ ಮಾತ್ರ ಬದಲಾಗ್ತಿತ್ತು ಅಜ್ಜಿ. ಇದ್ರಲ್ಲಿ ಚಿತ್ರ ಹಿಡಿಯೋ ಕಣ್ಣೂ ಲೆನ್ಸಿನ ಜೊತೆಗೇ ಒಂದೇ ಡಬ್ಬೀಲಿ ಇದೆ. ಸೀಲು. ಬಿಚ್ಚಿ ಹಾಕುವಾಗ ಒಳಗೆ ಧೂಳು ಹೋಗಲ್ಲ, ಥಂಡಿ ಹೋಗಲ್ಲ."

ಮಳೆಗಾಲ ಬಂದರೆ ಯಜಮಾನರು ಲೆನ್ಸಿಗೆ ಬೂಷ್ಟು ಹಿಡಿಯಿತೆಂದು ಗೋಳಾಡುತ್ತಿದ್ದದ್ದು ನೆನಪಾಯಿತು. ಇದು ನಮ್ಮ ಸೀಮೆಗೆಂದೇ ಮಾಡಿದ ಕ್ಯಾಮೆರಾ ಎಂದು ನನಗೆ ಆಗಲೇ ಗಟ್ಟಿಯಾಗಿ ಅನ್ನಿಸಿತು.

ಕಂಪನಿಯವರ ಷರತ್ತು ಇಷ್ಟು. ಮಳೆಗಾಲದೊಳಗೆ ಈ ಕಡೆಯಿಂದ ಒಂದಷ್ಟು ಬುಕಿಂಗ್ ತೋರಿಸಿದರೆ ಬೆಟ್ಟದ ಸೀಮೆಗೆಲ್ಲ ನನ್ನ ಮೊಮ್ಮಗಳೇ ಡೀಲರು. ಇಲ್ಲದಿದ್ದರೆ ಸ್ಯಾಂಪಲ್ ಸೆಟ್ಟು ವಾಪಸ್ಸು. ಡೀಲರ್ ಆದರೆ ಅಂಗಡಿ ಉಳಿಯುತ್ತದೆ. ನನಗೆ ಅರ್ಥವಾಗಿದ್ದು ಅಷ್ಟೇ, ಸಾಕಾಗಿದ್ದೂ ಅಷ್ಟೇ. ಮಾರನೇ ದಿನವೇ ಪೇಂಟರನ್ನು ಕರೆಸಿ ಶಟರಿನ ಮೇಲೆ ಆ ಕ್ಯಾಮೆರಾವನ್ನು ಬರೆಸಿಬಿಟ್ಟೆ. ನಡುವೆ ಮೈ, ಸುತ್ತ ಮೂರು ಕಣ್ಣು. ಮೊಮ್ಮಗಳು ತಲೆ ಮೇಲೆ ಕೈ ಇಟ್ಟುಕೊಂಡಳು. "ಅಜ್ಜೀ, ಇನ್ನೂ ಒಂದೂ ಮಾರಿಲ್ಲ!"

ಎದುರಿಗೆ ಸ್ಪ್ರೇಯರು, ಕಳೆ ಹೊಡೆಯುವ ಮಿಷನ್ನು ರಿಪೇರಿ ಮಾಡುವ ಭಾಯಿ ಇದ್ದಾರೆ. ಕೈ ಒರೆಸಿಕೊಂಡು ನೋಡಲು ಬಂದರು. ತುಂಡುಗಳನ್ನು ಹಾಕಿ ತೆಗೆದು ಹಾಕಿ ತೆಗೆದು, "ನಮ್ಮ ಕಳೆ ಮಿಷನ್ ಇದ್ದಂಗೇ ಇದೆ ಮಗಳೇ. ಇಂಜಿನ್ ಒಂದೇ. ಬ್ಲೇಡ್ ಹಾಕಿದ್ರೆ ಕಳೆ, ಗರಗಸ ಹಾಕಿದ್ರೆ ಕೊಂಬೆ" ಎಂದರು.

"ಹಂಗೇ ಭಾಯಿ! ಜನ ಅದನ್ನ ತಗೊಳ್ತಾರಲ್ಲ, ಇದನ್ನೂ ತಗೊಳ್ತಾರೆ" ಎಂದಳು ಇವಳು.

"ತಗೊಳ್ತಾರೆ. ಆದ್ರೆ ಬ್ಲೇಡು ಹತ್ತು ಕಂಪನಿಯವ್ರು ಮಾಡ್ತಾರೆ. ಇದನ್ನ?"

"ಇವರೊಬ್ಬರೇ."

"ಅವ್ರು ನಿಲ್ಲಿಸಿದ್ರೆ?"

ಮೊಮ್ಮಗಳು ತುಂಡುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸತೊಡಗಿದಳು. ನಾನೇ ಬಾಯಿ ಹಾಕಿದೆ. "ಎಂತ ಭಾಯಿ, ಹುಟ್ಟಿದ ಕೂಸಿಗೆ ಸಾಯೋ ಮಾತು ಹೇಳ್ತೀರಲ್ಲ!" ಅವರು ನಕ್ಕರು. ಆದರೆ ಆಮೇಲೆ ಬಂದವರೆಲ್ಲ ಕೇಳಿದ್ದೂ ಅದನ್ನೇ. ಸ್ಪೇರ್ ಸಿಗುತ್ತದಾ? ನಮ್ಮ ಕಡೆ ಮೋಟಾರು ಕೊಳ್ಳುವವರೂ ಮೊದಲು ಇದನ್ನೇ ಕೇಳುವುದು. ಒಬ್ಬ ಪಡ್ಡೆ ಹುಡುಗ ತನ್ನ ಫೋನು ತಿರುಗಿಸಿ ಹಿಡಿದು, "ಇದ್ರಲ್ಲಿ ಮೂರು ಕಣ್ಣೂ ಅಂಟಿಸೇ ಕೊಟ್ಟಿದಾರೆ ಅಕ್ಕಾ, ಬಿಚ್ಚೋದು ಹಾಕೋದು ಯಾರಿಗ್ ಬೇಕು?" ಎಂದ. ಅವನ ಜೊತೆಯವರು ಹೋ ಎಂದು ನಕ್ಕರು. ಇವಳು ಆ ಫೋನಿನಲ್ಲೂ ನಮ್ಮ ಕ್ಯಾಮೆರಾದಲ್ಲೂ ಒಂದೇ ಕಾಫಿ ಹೂವನ್ನು ತೆಗೆದು ಪಕ್ಕಪಕ್ಕ ತೋರಿಸಿದಳು. ನಮ್ಮದರಲ್ಲಿ ಹೂವಿನ ಮೇಲೆ ಕೂತ ಜೇನಿನ ಕಾಲಿಗೆ ಅಂಟಿದ ಪುಡಿ ಕಾಣುತ್ತಿತ್ತು. ಅವರು ನಗು ನಿಲ್ಲಿಸಿದರು, ನೋಡಿದರು, ಹೋದರು.

ಆಗ ಇವಳಿಗೆ ಹೊಳೆಯಿತು. ಒಂದು ಸಂಜೆ ಅಂಗಡಿ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನಿಂತಳು.

"ಅಜ್ಜಿ, ನೀವೆಲ್ಲ ಮುಯ್ಯಾಳು ಹೋಗ್ತಿದ್ರಲ್ಲ, ಇವತ್ತು ಅವರ ತೋಟಕ್ಕೆ ನೀವು, ನಾಳೆ ನಿಮ್ಮ ತೋಟಕ್ಕೆ ಅವರು. ಹಂಗೇ ಮಾಡಿದ್ರೆ? ಎಲ್ಲರೂ ಮೂರೂ ತುಂಡು ಕೊಳ್ಳೋದ್ಯಾಕೆ? ಒಬ್ಬೊಬ್ಬರು ಒಂದು ಮೈ, ಒಂದು ಕಣ್ಣು ತಗೊಳ್ಳಲಿ. ಬೇರೆ ಕಣ್ಣು ಬೇಕಾದಾಗ ಬದಲಾಯಿಸಿಕೊಳ್ಳಲಿ."

ನಾನು ಅವಳ ಕೈಯಿಂದ ಪೊರಕೆ ಕಸಿದು ಎಸೆದು ಅವಳನ್ನು ಅಪ್ಪಿಕೊಂಡೆ. ಇಂಥ ಬುದ್ಧಿ ಎಲ್ಲಿಂದ ಬಂತು ಈ ಹುಡುಗಿಗೆ! ಈ ಸೀಮೆಯಲ್ಲಿ ಏಣಿ ಒಬ್ಬರದು, ಸ್ಪ್ರೇಯರು ಇನ್ನೊಬ್ಬರದು, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಮತ್ತೊಬ್ಬರದು. ಸಣ್ಣ ತೋಟದವರು ಬದುಕಿದ್ದೇ ಹಾಗೆ. ಯಜಮಾನರು ಕೂಡ ಮದುವೆಗೆ ಫ್ಲಾಷ್ ಬೇಕಾದರೆ ಮೂಡಿಗೆರೆಯ ಸ್ಟುಡಿಯೋದಿಂದ ತರುತ್ತಿದ್ದರು, ಅವರಿಗೆ ಬೇಕಾದಾಗ ನಮ್ಮ ಸ್ಟ್ಯಾಂಡು ಹೋಗುತ್ತಿತ್ತು.

ಮೂರು ಜನರನ್ನು ಆರಿಸಿಕೊಂಡಳು. ಗೋಣಿಬೀಡಿನ ಒಬ್ಬ ಸಾವ್ಕಾರ್ರಿಗೆ ಕಾಫಿ ಗಿಡ ಕೊರೆಯುವ ಬೋರರ್ ಹುಳವನ್ನು ಹತ್ತಿರದಿಂದ ತೆಗೆಯುವ ಆಸೆ. ಹೊರನಾಡಿನಲ್ಲಿ ಲಾಡ್ಜ್ ನಡೆಸುವವರಿಗೆ ಚಿಕ್ಕ ರೂಮನ್ನು ದೊಡ್ಡದಾಗಿ ತೋರಿಸುವ ಆಸೆ. ನಮ್ಮ ಬಣಕಲ್ಲಿನ ರಿಟೈರ್ಡ್ ಮೇಷ್ಟ್ರಿಗೆ ಹಕ್ಕಿ. ಸೆಟ್ಟನ್ನು ಒಬ್ಬೊಬ್ಬರ ಹತ್ತಿರ ಕೆಲವು ದಿನ ಬಿಟ್ಟು, ಆಮೇಲೆ ಅವರವರ ಕಣ್ಣನ್ನು ಅವರವರು ಬುಕ್ ಮಾಡುವುದೆಂದು ಮಾತಾಯಿತು. ಮೂವರೂ ಖುಷಿಯಿಂದ ಒಪ್ಪಿದರು. ಒಬ್ಬೊಬ್ಬರಿಂದ ಇನ್ನೂ ನಾಲ್ಕು ಜನ ನೋಡುತ್ತಾರೆ, ಬುಕಿಂಗ್ ಬೆಳೆಯುತ್ತದೆ ಎಂದು ಇವಳ ಲೆಕ್ಕ.

ನಿಜ ಹೇಳಬೇಕೆಂದರೆ ಆ ಕ್ಯಾಮೆರಾ ಗೆದ್ದಿತು. ಸಾವ್ಕಾರ್ರು ಹುಳದ ಮೀಸೆ ಎಣಿಸಬಹುದಾದಂಥ ಫೋಟೊ ಕಳಿಸಿದರು. ಲಾಡ್ಜಿನ ರೂಮು ಛತ್ರದ ಹಾಗೆ ಕಂಡಿತು. ಮೇಷ್ಟ್ರು ಮಂಗಟ್ಟೆ ಹಕ್ಕಿಯನ್ನು ಫೋಟೊದಲ್ಲಿ ಹಿಡಿದು, ಬೆಳಗ್ಗೆ ಬಂದು ನನಗೇ ಮೊದಲು ತೋರಿಸಿದರು. ಮೇಷ್ಟ್ರಿಂದ ಸಾವ್ಕಾರ್ರಿಗೆ, ಸಾವ್ಕಾರ್ರಿಂದ ಲಾಡ್ಜಿನವರಿಗೆ ಫೋನಿನಲ್ಲೇ ಮಾತಾಗಿ, ಸೆಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಓಡಾಡತೊಡಗಿತು. ಒಂದು ಮಧ್ಯಾಹ್ನ ಹೊರನಾಡಿನ ಬಸ್ಸು ನಮ್ಮ ಅಂಗಡಿ ಮುಂದೆ ನಿಧಾನ ಮಾಡಿತು. ಕಂಡಕ್ಟರು ಕಿಟಕಿಯಿಂದ ಆ ಪೆಟ್ಟಿಗೆಯನ್ನು ಎತ್ತಿ ತೋರಿಸಿ, "ಅಮ್ಮಾ, ನಿಮ್ಮ ಕ್ಯಾಮೆರಾ ಗೋಣಿಬೀಡಿಗೆ ಹೊಂಟಿದೆ!" ಎಂದು ಕೂಗಿದ. ಬಸ್ಸು ನಿಲ್ಲಲಿಲ್ಲ.

ನಾನು ಚಪ್ಪಾಳೆ ತಟ್ಟಿದೆ. ಮೊಮ್ಮಗಳು ತಟ್ಟಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, "ಅದಕ್ಕೆ ನಮ್ಮ ಅಂಗಡಿ ಬೇಡ ಅಜ್ಜಿ ಈಗ" ಎಂದಳು.

ಬುಕಿಂಗ್ ಕೇಳಲು ಅವಳು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅಯ್ಯೋ, ತುಂಬ ಚೆನ್ನಾಗಿದೆ ಕಣಮ್ಮಾ, ಅದ್ರಲ್ಲಿ ಎರಡು ಮಾತಿಲ್ಲ" ಎಂದರು ಸಾವ್ಕಾರ್ರು. "ಆದ್ರೆ ನನಗೆ ಹುಳದ ಕಾಲದಲ್ಲಿ ಮಾತ್ರ ಬೇಕಾಗೋದು. ಹೊರನಾಡಿನವರು ತಗೊಳ್ತಾರಲ್ಲ, ಅವರ ಹತ್ರ ತರಿಸ್ಕೊಳ್ತೀನಿ."

ಹೊರನಾಡಿನವರು, "ರೂಮು ತೆಗೆದಾಯ್ತಲ್ಲ. ಮತ್ತೆ ಬೇಕಾದ್ರೆ ನಿಮ್ಮೂರಿನ ಮೇಷ್ಟ್ರು ಕೊಡ್ತಾರೆ, ಪಾಪ, ಕೊಡಲ್ಲ ಅನ್ನೋರಲ್ಲ ಅವ್ರು" ಎಂದರು.

ಮೇಷ್ಟ್ರು ಅಂಗಡಿಗೇ ಬಂದರು. "ನಾನು ಪಿಂಚಣಿಯವನು ಮಾರಾಯ್ತಿ. ಸಾವ್ಕಾರ್ರು ಹೇಗೂ ಕೊಳ್ಳೋರು ಅಂದ್ಕೊಂಡೆ" ಎಂದು ತಲೆ ಕೆರೆದುಕೊಂಡರು.

ಯಾರೂ ಮೋಸದವರಲ್ಲ. ಏಣಿಯ ಹಾಗೆ ನೋಡಿದರು, ಅಷ್ಟೇ. ಊರಿಗೆ ಒಂದು ಏಣಿ ಇದ್ದರೆ ಎರಡನೆಯದನ್ನು ಯಾರು ಮಾಡಿಸುತ್ತಾರೆ? ಬಿಚ್ಚಿ ಹಂಚಿಕೊಳ್ಳಲು ಬರುವ ವಸ್ತು ಎನ್ನುವುದೇ ಅದರ ಗುಣವಾಗಿತ್ತು, ಆ ಗುಣವೇ ಅದನ್ನು ಮಾರಲು ಬಿಡಲಿಲ್ಲ. ಇಷ್ಟು ನನಗೆ ಅರ್ಥವಾಗುವ ಹೊತ್ತಿಗೆ ಮೊಮ್ಮಗಳು ಫೋನ್ ಮಾಡಿ ಕೇಳುವುದನ್ನು ಬಿಟ್ಟಿದ್ದಳು. ಅಂಗಡಿಯಲ್ಲಿ ಕೂತು ಬರೀ ಆ ಹೂವಿನ ಫೋಟೊ ನೋಡುತ್ತಿದ್ದಳು. ನಾನು ರೊಟ್ಟಿ ತಟ್ಟಿ ತಂದರೆ ಅರ್ಧ ತಿಂದು ಮುಚ್ಚಿಡುತ್ತಿದ್ದಳು.

ಬುಕಿಂಗಿನ ಗಡುವು ಮುಗಿಯುವ ಮುಂಚೆಯೇ ಕಂಪನಿಯಿಂದ ಫೋನು ಬಂತು. ಬರೀ ನಮ್ಮ ಕಡೆಯದಲ್ಲ, ಎಲ್ಲ ಕಡೆಯೂ ಹೀಗೇ ಆಗಿತ್ತಂತೆ. ನೋಡಿದವರೆಲ್ಲ ಹೊಗಳಿದರಂತೆ. ಹೊಸ ಕಣ್ಣು ಮಾಡಿದರೆ ಲೆನ್ಸು ಸಮೇತ ಹೊಸದೇ ಮಾಡಬೇಕು, ಅದಕ್ಕಾಗುವಷ್ಟು ಗಿರಾಕಿಗಳಿಲ್ಲ; ಆದ್ದರಿಂದ ಮಾಡುವುದನ್ನೇ ನಿಲ್ಲಿಸಿದ್ದಾರೆ, ಸೆಟ್ಟು ವಾಪಸ್ಸು ಕಳಿಸಿ. ಇವಳು "ಸರಿ ಸರ್, ಸರಿ ಸರ್" ಎಂದಳು. ಎದುರಂಗಡಿಯಿಂದ ಭಾಯಿ ನೋಡುತ್ತಿದ್ದರು. ಅವರ ಮಾತು ನಿಜವಾಗಿತ್ತು. ಆದರೂ ಅದನ್ನು ಎತ್ತಿ ಆಡದೆ ಎರಡು ಟೀ ಕಳಿಸಿದರು.

ಸೆಟ್ಟು ಅದೇ ಬಸ್ಸಿನಲ್ಲಿ ಬಂತು, ಆ ಸಲ ಬಸ್ಸು ಅಂಗಡಿ ಮುಂದೆ ನಿಂತಿತು. ಇವಳು ಮೂರು ಕಣ್ಣನ್ನೂ ಬಟ್ಟೆಯಲ್ಲಿ ಒರೆಸಿದಳು. ಪೆಟ್ಟಿಗೆ ಮುಚ್ಚುವ ಮೊದಲು, "ಒಂದು ಸಲ ನೋಡು ಅಜ್ಜಿ" ಎಂದು ಅಗಲದ ಕಣ್ಣು ಹಾಕಿ ನನ್ನ ಕೈಗೆ ಕೊಟ್ಟಳು. ಅದರಲ್ಲಿ ನಮ್ಮ ಅರ್ಧ ಅಂಗಡಿ ಪೂರ್ತಿ ಅಂಗಡಿಯ ಹಾಗೆ ಕಾಣುತ್ತಿತ್ತು, ನಡುವೆ ಸ್ಟೂಲಿನ ಮೇಲೆ ಇವಳು. ನಾನು ಬಟನ್ ಒತ್ತಲಿಲ್ಲ. ಒತ್ತಿದರೂ ಆ ಫೋಟೊ ಪೆಟ್ಟಿಗೆಯ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ಇವಳು ಆಮೇಲೆ ಹೇಳಿದಳು.

ಮೊದಲ ಜೋರು ಮಳೆಗೆ ಅಂಗಡಿ ಖಾಲಿ ಮಾಡಿದೆವು. ಕಪಾಟನ್ನು ನಮ್ಮ ಜಾಗಕ್ಕೆ ಬಂದ ಏಲಕ್ಕಿಯವರೇ ಇಟ್ಟುಕೊಂಡರು. ಸ್ಟೂಲು ಮನೆಗೆ ಬಂತು. ಈಗ ಇವಳು ಚಿಕ್ಕಮಗಳೂರಿನ ಒಬ್ಬರ ಕೈಕೆಳಗೆ ಮದುವೆ ಫೋಟೊಕ್ಕೆ ಹೋಗುತ್ತಾಳೆ. ತೆಗೆಯುವುದು ಅವರು, ಲೈಟು ಹಿಡಿಯುವುದು ಇವಳು. ಮನೆಗೆ ಬಂದ ದಿನ ನನಗೆ ಹಬ್ಬ. ಅವಳ ಬೂಟಿನ ಸದ್ದು ಕೇಳಿದರೆ ಸಾಕು, ಮಂಡಿನೋವು ಮರೆತು ಬಾಗಿಲಿಗೆ ಓಡುತ್ತೇನೆ. ಅವಳ ಮುಖ ನೋಡಿದ ಮೇಲೆ ಸುಮ್ಮನೆ ಬ್ಯಾಗು ತೆಗೆದುಕೊಳ್ಳುತ್ತೇನೆ.

ಮೊನ್ನೆ ಸಂಜೆ ಅವಳು ಊಟಕ್ಕೆ ಕೂತಿದ್ದಾಗ ಫೋನು ಬಂತು. ಕೈ ತೊಳೆದಿರಲಿಲ್ಲ, ಸ್ಪೀಕರ್ ಹಾಕಿದಳು. ಗೋಣಿಬೀಡಿನ ಸಾವ್ಕಾರ್ರು.

"ಏನಮ್ಮಾ, ಹೊರನಾಡಿನವರನ್ನ ಕೇಳಿದ್ರೆ ಇಲ್ಲ ಅಂತಾರೆ, ಮೇಷ್ಟ್ರೂ ಇಲ್ಲ ಅಂತಾರೆ. ಸಾಕು ಈ ಎರವಲು, ನನಗೊಂದು ಬೇಕೇ ಬೇಕು. ನಿಮ್ಮ ಅಂಗಡಿ ಮುಂದೇ ನಿಂತಿದೀನಿ, ಶಟರ್ ಎಳೆದಿದೆ. ಅದ್ರ ಮೇಲೆ ಬರೆದಿದೆಯಲ್ಲ, ಅದೇ, ಮೂರೂ ಕಣ್ಣಿಂದು. ನಾಳೆ ಎಷ್ಟೊತ್ತಿಗೆ ತೆಗೀತೀರಿ?"

ಏಲಕ್ಕಿಯವರು ಒಳಗೆಲ್ಲ ಬಣ್ಣ ಹೊಡೆಸಿದ್ದರು, ಶಟರಿಗೆ ಹೊಡೆಸಿರಲಿಲ್ಲ. ಹಗಲು ಅದು ಸುತ್ತಿಕೊಂಡು ಮೇಲಿರುತ್ತದೆ, ಯಾರಿಗೂ ಕಾಣುವುದಿಲ್ಲ.

ಮೊಮ್ಮಗಳು ನನ್ನ ಮುಖ ನೋಡಿದಳು. ಆಮೇಲೆ ಅನ್ನದ ಕಡೆ ನೋಡಿಕೊಂಡು, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದಳು:

"ಒಂಬತ್ತಕ್ಕೆ ತೆಗೀತಾರೆ ಸರ್. ಏಲಕ್ಕಿ ಚೆನ್ನಾಗಿರುತ್ತೆ."